ಕೊನೆಯ ಗಾಡಿಯ ಲೆಕ್ಕ

ನಿನ್ನೆ ಸಂಜೆ ನಮ್ಮ ಸ್ಕೂಟರ್ ಸಂಘದ ಸಭೆ ಮುಗಿಸಿ ಬಂದವನಿಗೆ ರಾತ್ರಿ ನಿದ್ದೆ ಹತ್ತಲಿಲ್ಲ. ಸಿಟ್ಟು. ವಸಂತದ ಮೊದಲ ಸವಾರಿಗೆ ಇನ್ನು ಮೂರೇ ವಾರ. ಅದರ ತಯಾರಿಗೆಂದೇ ಕರೆದ ಸಭೆ ಎರಡು ಗಂಟೆ ನಡೆಯಿತು. ಅದರಲ್ಲಿ ಐವತ್ತು ನಿಮಿಷ ಹೋದದ್ದು ಬ್ಯಾನರಿನ ಮೇಲೆ ಯಾವ ಹುಳ ಇರಬೇಕು ಎಂಬ ಚರ್ಚೆಗೆ. ತಪ್ಪಾಗಿ ಓದಿಲ್ಲ ನೀವು. ಹುಳ.

ಬ್ಯಾನರಿನ ಉಸ್ತುವಾರಿ ಹೊತ್ತವರು ದುಂಡು ಹೊಟ್ಟೆಯ, ಮೈತುಂಬ ರೋಮದ ಮುದ್ದಾದ ಜೇನುನೊಣ ಬರೆಸಿಕೊಂಡು ಬಂದಿದ್ದರು. ನಮ್ಮ ಸ್ಕೂಟರಿನ ಹೆಸರಾದ ವೆಸ್ಪಾ ಎಂದರೆ ಇಟಾಲಿಯನ್ ಭಾಷೆಯಲ್ಲಿ ಕಣಜದ ಹುಳ, ಜೇನುನೊಣವಲ್ಲ, ಸೊಂಟ ಸಣ್ಣಗಿರಬೇಕು ಎಂದು ಒಬ್ಬರು ಎದ್ದರು. ಸೊಂಟದ ಮಾತು ಬಂದ ಮೇಲೆ ಸಭೆಗೆ ಕಳೆ ಬಂತು. ಲ್ಯಾಂಬ್ರೆಟಾ ಇಟ್ಟುಕೊಂಡಿರುವ ಇಬ್ಬರು, ನಮ್ಮ ಗಾಡಿಗೆ ಹುಳವೇ ಇಲ್ಲವಲ್ಲ, ನಾವು ಈ ಬ್ಯಾನರಿನ ಕೆಳಗೆ ಯಾಕೆ ನಿಲ್ಲಬೇಕು ಎಂದರು. ವೆಸ್ಪಾ ಬಂದದ್ದು 1946ರಲ್ಲಿ, ನಿಮ್ಮದು 1947ರಲ್ಲಿ, ಹಿರಿಯರಿಗೆ ಮರ್ಯಾದೆ ಕೊಡಿ ಎಂದು ವೆಸ್ಪಾದವರು. ಒಂದೇ ವರ್ಷದ ಅಂತರದಲ್ಲಿ ಹುಟ್ಟಿದ ಎರಡು ಗಾಡಿಗಳ ದಾಯಾದಿ ಜಗಳ ಅವುಗಳ ಮೊಮ್ಮಕ್ಕಳ ಕಾಲಕ್ಕೂ ಮುಗಿದಿಲ್ಲ.

ಹುಳದ ಸೊಂಟ ಸರಿಯಾದ ಮೇಲೆ ನಾನು ಕೈ ಎತ್ತಿ ಕೇಳಿದೆ: "ಸಾಲಿನ ಕೊನೆಯಲ್ಲಿ ಬರುವವರು ಯಾರು?"

"ಯಾರು ತಡವಾಗಿ ಏಳುತ್ತಾರೋ ಅವರು" ಎಂದು ಯಾರೋ ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ, ಅದು ನನ್ನ ಹಳೆಯ ಕಾಯಿಲೆ. ಮಾತು ಅಂಗಿಯ ಬಣ್ಣಕ್ಕೆ ಹೊರಳಿತು.

ಅಂಗಿಯ ಬಣ್ಣ ಏನಾದರೂ ಇರಲಿ. ನನಗೆ ಬೇಕಾದದ್ದು ಆ ಒಂದು ಪ್ರಶ್ನೆಗೆ ಉತ್ತರ. ಗುಂಪು ಸವಾರಿಯ ಯೋಜನೆ ಎಂದರೆ ಎಲ್ಲರ ತಲೆಯೂ ಮುಂದಿನ ಗಾಡಿಯ ಕಡೆಗೇ ಓಡುತ್ತದೆ. ಯಾರು ಮುನ್ನಡೆಸುತ್ತಾರೆ, ಯಾವ ದಾರಿ, ಎಷ್ಟು ಗಂಟೆಗೆ, ಫೋಟೋ ಎಲ್ಲಿ. ಕೊನೆಯ ಗಾಡಿಯ ಲೆಕ್ಕ ಹಾಕುವವರಿಲ್ಲ. ಅದನ್ನು ಇಲ್ಲಿ ಹಾಕಿ ತೋರಿಸುತ್ತೇನೆ, ಬೇಡದವರು ಹುಳದ ಚಿತ್ರ ನೋಡಬಹುದು.

ನಾವು ಹದಿನೆಂಟು ಗಾಡಿಗಳು ಎಂದುಕೊಳ್ಳಿ. ತಿರುವುಗಳ ದಾರಿಯಲ್ಲಿ ಒಂದರ ಹಿಂದೆ ಒಂದು ಹೋಗಬೇಕು, ನಡುವೆ ಕನಿಷ್ಠ ಎರಡು ಸೆಕೆಂಡಿನ ಅಂತರ ಬಿಡಬೇಕು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಎರಡು ಸೆಕೆಂಡು ಎಂದರೆ ಸುಮಾರು 33 ಮೀಟರ್. ಹದಿನೆಂಟು ಗಾಡಿಗಳ ನಡುವೆ ಹದಿನೇಳು ಅಂತರ. ಮುಂದಿನವನಿಂದ ಹಿಂದಿನವನಿಗೆ ಅರ್ಧ ಕಿಲೋಮೀಟರಿಗೂ ಮಿಕ್ಕಿದ ದೂರ, ಅದೂ ಎಲ್ಲವೂ ನೆಟ್ಟಗಿದ್ದಾಗ. ಈಗ ನಡುವೆ ಒಂದು ಕೆಂಪು ದೀಪ ಬಿತ್ತು, ಹಿಂದಿನ ಆರು ಗಾಡಿಗಳು ಎರಡು ನಿಮಿಷ ನಿಂತವು. ಮುಂದಿನವನಿಗೆ ಗೊತ್ತಿಲ್ಲ, ಅವನು ಅದೇ 60ರಲ್ಲಿ ಹೋಗುತ್ತಿದ್ದಾನೆ. ಅಂತರ 2 ಕಿಲೋಮೀಟರ್ ಬೆಳೆಯಿತು. ಹಿಂದಿನವರು 70ರಲ್ಲಿ ಓಡಿಸಿದರೆ ಅದನ್ನು ತುಂಬಲು ಹನ್ನೆರಡು ನಿಮಿಷ ಬೇಕು, 14 ಕಿಲೋಮೀಟರ್ ದೂರ. ಗಾಡಿಗೆ 65ರ ಮೇಲೆ ಹೋಗುವ ತ್ರಾಣವಿಲ್ಲದಿದ್ದರೆ ಇಪ್ಪತ್ನಾಲ್ಕು ನಿಮಿಷ, 26 ಕಿಲೋಮೀಟರ್. ಹಳೆಯ ಎಂಜಿನ್ನು, 60 ದಾಟುವುದೇ ಇಲ್ಲವೆಂದರೆ? ಯಾವತ್ತೂ ಸೇರುವುದಿಲ್ಲ. ಮುಂದೆ ಹೋದವನು ದೊಡ್ಡ ತಪ್ಪನ್ನೇನೂ ಮಾಡಿಲ್ಲ, ಸುಮ್ಮನೆ ಒಂದೇ ವೇಗದಲ್ಲಿ ಹೋಗಿದ್ದಾನೆ. ಅಷ್ಟಕ್ಕೇ ಹಿಂದಿನವನ ಇಡೀ ಬೆಳಗು ಆಕ್ಸಿಲರೇಟರ್ ಕೊನೆಯವರೆಗೆ ತಿರುಗಿಸಿ ಹಿಡಿದು, ಮುಂದಿನ ತಿರುವಿನಲ್ಲಾದರೂ ಯಾರಾದರೂ ಕಾಣುತ್ತಾರೆಯೇ ಎಂದು ನೋಡುವುದರಲ್ಲೇ ಕಳೆಯುತ್ತದೆ. ಯುರೋಪಿನಲ್ಲಿ 50 ಸಿಸಿ ವರ್ಗದ ಗಾಡಿಗಳಿಗೆ ಗಂಟೆಗೆ 45 ಕಿಲೋಮೀಟರ್ ಎಂಬ ಮಿತಿ ಕಾನೂನಿನಲ್ಲೇ ಇದೆ. 300 ಸಿಸಿಯ ಹಿಂದೆ ಅಂಥದ್ದೊಂದು ಹೊರಟರೆ ಏನಾಗುತ್ತದೆ ಎಂಬುದಕ್ಕೆ ಕಾಗದ ಪೆನ್ಸಿಲ್ಲೂ ಬೇಡ.

ಇನ್ನು ವಿಶ್ರಾಂತಿ. ಇದನ್ನು ಹಿಂದೆ ಬಂದವರು ಮಾತ್ರ ಬಲ್ಲರು. ಪೆಟ್ರೋಲ್ ಬಂಕಿಗೆ ಮುಂದಿನ ತಂಡ ಬಂದು ಹತ್ತು ನಿಮಿಷವಾಗಿರುತ್ತದೆ. ಟ್ಯಾಂಕು ತುಂಬಿಸಿ, ಮುಖ ತೊಳೆದು, ಮೈ ಮುರಿದು, ಎರಡು ಸುತ್ತು ಹರಟೆಯೂ ಮುಗಿದಿರುತ್ತದೆ. ಆಗ ಮೇಷ್ಟ್ರು ಬರುತ್ತಾರೆ (ಸಂಘದಲ್ಲಿ ನಾವೆಲ್ಲ ಮೇಷ್ಟ್ರೆಂದೇ ಕರೆಯುವ ನಮ್ಮ ಜೊತೆ ಸವಾರರು). "ಬಂದರು, ಬಂದರು, ಹೊರಡೋಣ" ಎಂದು ಎಲ್ಲರೂ ಹೆಲ್ಮೆಟ್ ತೊಡುತ್ತಾರೆ. ಮೇಷ್ಟ್ರ ಗಾಡಿ ಹಳೆಯ ಟೂ ಸ್ಟ್ರೋಕ್. ಪೆಟ್ರೋಲ್ ಹಾಕಿಸಿದರೆ ಮುಗಿಯಲಿಲ್ಲ, ನೂರಕ್ಕೆ ಎರಡು ಪಾಲು ಆಯಿಲ್ ಬೆರೆಸಬೇಕು. ನಾಲ್ಕು ಲೀಟರಿಗೆ 80 ಮಿಲಿಲೀಟರ್. ಅವರು ಸೀಟೆತ್ತಿ, ಗೆರೆ ಕೊರೆದ ಪುಟ್ಟ ಲೋಟಕ್ಕೆ ಆಯಿಲ್ ಸುರಿದು, ಕಣ್ಣಿನ ಮಟ್ಟಕ್ಕೆ ಹಿಡಿದು ನೋಡುತ್ತಾರೆ. ಹೆಚ್ಚಾದರೆ ಹೊಗೆ, ಪ್ಲಗ್ ಕಪ್ಪಾಗುತ್ತದೆ. ಕಡಿಮೆಯಾದರೆ ಪಿಸ್ಟನ್ನೇ ಕಚ್ಚಿಕೊಳ್ಳುತ್ತದೆ. ಆ ಲೋಟ ಕಣ್ಣಿನ ಮಟ್ಟದಲ್ಲಿರುವಾಗಲೇ ಸುತ್ತಲೂ ಹದಿನೇಳು ಎಂಜಿನ್ನುಗಳು ಗುರುಗುಟ್ಟುತ್ತಿರುತ್ತವೆ. ಅವರು ಸೀಟು ಮುಚ್ಚಿ ಕಿಕ್ಕರಿಗೆ ಕಾಲು ಕೊಡುವಷ್ಟರಲ್ಲಿ ಬಂಕು ಖಾಲಿ. ಹೆಚ್ಚು ದಣಿದವರಿಗೇ ಕಡಿಮೆ ವಿಶ್ರಾಂತಿ. ಯಾರೂ ಬೇಕೆಂದು ಮಾಡಿದ್ದಲ್ಲ. ಆದರೂ ಪ್ರತಿ ಸವಾರಿಯಲ್ಲೂ ಆಗುತ್ತದೆ.

ಕೊನೆಯವರು ಬಂದ ಮೇಲೆ ಗಡಿಯಾರ ಶುರುವಾಗಬೇಕು, ಮೊದಲಿಗರು ಬಂದಾಗ ಅಲ್ಲ. ಇಷ್ಟನ್ನು ಹೇಳಲು ನಾನು ಎರಡು ಗಂಟೆ ಕಾದೆ.

"ಇದು ಸೈನ್ಯದ ಪಥಸಂಚಲನವಲ್ಲ ಸಾರ್, ಎಲ್ಲರೂ ಬೆಳೆದವರು, ಎಲ್ಲರ ಮೊಬೈಲಿನಲ್ಲೂ ನಕ್ಷೆ ಇದೆ" ಎಂಬ ಉತ್ತರ ಬಂತು. ಇದರಲ್ಲಿ ಎಳ್ಳಷ್ಟು ನಿಜವಿದೆ ಎಂದು ಒಪ್ಪುತ್ತೇನೆ. ಹೊರಡುವ ಮೊದಲು ಮುಕ್ಕಾಲು ಗಂಟೆ ಉಪದೇಶ, ಪ್ರತಿ ತಿರುವಿಗೂ ಸೀಟಿ, ಸಾಲು ತಪ್ಪಿದರೆ ಗದರಿಕೆ, ಇಂಥ ಸವಾರಿಗೂ ನಾನು ಒಮ್ಮೆ ಹೋಗಿದ್ದೇನೆ. ಮಧ್ಯಾಹ್ನದ ಹೊತ್ತಿಗೆ ಗಾಡಿ ಮಾರಿಬಿಡೋಣ ಅನಿಸಿತ್ತು. ಸರಿ. ಆದರೆ ಮೊಬೈಲ್ ನಕ್ಷೆ? ಅದು ಜೇಬಿನಲ್ಲಿರುತ್ತದೆ, ಕೈಗೆ ಗ್ಲೌಸ್ ಇರುತ್ತದೆ, ಗಾಡಿ ಓಡುತ್ತಿರುತ್ತದೆ. ಅದಕ್ಕಿಂತ ಹೆಚ್ಚಾಗಿ, ಆ ನಕ್ಷೆಗೆ ಬೇಗ ತಲುಪುವ ದಾರಿ ಗೊತ್ತು, ನಾವು ಆರಿಸಿದ ಸುತ್ತುದಾರಿ ಗೊತ್ತಿಲ್ಲ. ದಾರಿ ತಪ್ಪಿದವನನ್ನು ನೇರ ಹೆದ್ದಾರಿಗೆ ಹತ್ತಿಸಿ, ಲಾರಿಗಳ ನಡುವೆ ಬಿಟ್ಟುಬಿಡುತ್ತದೆ. ಎಲ್ಲರೂ ಅವರವರ ನಕ್ಷೆ ನೋಡಿಕೊಂಡು ಬರುವುದಾದರೆ ಸಂಘ ಯಾಕೆ, ಬ್ಯಾನರ್ ಯಾಕೆ, ಆ ಹುಳ ತಾನೆ ಯಾಕೆ?

ಇದಕ್ಕೊಂದು ಸುಲಭವಾದ ಉಪಾಯ ಬೇರೆ ಇದೆ, ಜಗತ್ತಿನ ಎಷ್ಟೋ ಸಂಘಗಳು ಬಳಸುವಂಥದ್ದು. ತಿರುವು ಬಂದಾಗ ಮುನ್ನಡೆಸುವವನು ಕೈ ತೋರಿಸುತ್ತಾನೆ. ಅವನ ಹಿಂದಿನ ಸವಾರ ಅಲ್ಲೇ ಸುರಕ್ಷಿತ ಜಾಗ ನೋಡಿ ನಿಂತು, ಬಂದವರಿಗೆಲ್ಲ ದಾರಿ ತೋರಿಸುತ್ತಾನೆ. ಕೊನೆಯ ಸವಾರ ಕಂಡ ಕೂಡಲೇ ಅವನ ಮುಂದೆ ಸೇರಿಕೊಳ್ಳುತ್ತಾನೆ. ಮುಂದಿನ ತಿರುವಿಗೆ ಮತ್ತೊಬ್ಬ. ಯಾರೂ ಯಾರನ್ನೂ ಅಟ್ಟಿಸಿಕೊಂಡು ಹೋಗಬೇಕಿಲ್ಲ, ನಾಲ್ಕು ಕಿಲೋಮೀಟರ್ ಹಿಂದಿದ್ದರೂ ದಾರಿ ತಪ್ಪುವುದಿಲ್ಲ. ಸೀಟಿ ಬೇಡ, ಉಪದೇಶ ಬೇಡ. ಬೇಕಾದದ್ದು ಒಂದೇ, ಕೊನೆಯ ಸವಾರ ಯಾರೆಂದು ಎಲ್ಲರಿಗೂ ಮೊದಲೇ ಗೊತ್ತಿರಬೇಕು. ಇಲ್ಲದಿದ್ದರೆ ತಿರುವಿನಲ್ಲಿ ನಿಂತ ಬಡಪಾಯಿ ಯಾರು ಬರುವವರೆಗೆ ಕಾಯಬೇಕು? ನೋಡಿ, ಸುತ್ತಿ ಸುತ್ತಿ ಅದೇ ಪ್ರಶ್ನೆಗೆ ಬಂದೆ.

ಅದೂ ಇದು ವಸಂತದ ಮೊದಲ ಸವಾರಿ. ಗಾಡಿಗಳೆಲ್ಲ ಚಳಿಗಾಲವಿಡೀ ಹೊದಿಕೆಯ ಕೆಳಗೆ ಮಲಗಿ ಎದ್ದಿರುತ್ತವೆ. ಹೋದ ವಾರ ನನ್ನದನ್ನು ಹೊರಗೆಳೆದೆ. ನಲವತ್ತು ಸಲ ಕಿಕ್ಕರ್ ಒದ್ದರೂ ಕೆಮ್ಮಲಿಲ್ಲ. ಕಾರ್ಬ್ಯುರೇಟರ್ ಬಿಚ್ಚಿ, ಐಡ್ಲಿಂಗಿನಲ್ಲಿ ಪೆಟ್ರೋಲ್ ಹಾಯಿಸುವ ಪುಟ್ಟ ಜೆಟ್ ತೆಗೆದು ಕಿಟಕಿಯ ಬೆಳಕಿಗೆ ಹಿಡಿದೆ. ಸೂಜಿಯ ಮೊನೆಯಷ್ಟು ತೂತು, ಆಚೆಯಿಂದ ಬೆಳಕು ಬರಲಿಲ್ಲ. ನಿಂತ ಪೆಟ್ರೋಲು ಒಣಗಿ ಬೆಲ್ಲದ ಪಾಕದಂತೆ ಕಟ್ಟಿಕೊಂಡಿತ್ತು. ತಂತಿ ತೂರಿಸಿದರೆ ತೂತೇ ದೊಡ್ಡದಾಗಿ ಕೆಡುತ್ತದೆ, ನೆನೆಸಿಟ್ಟು ಗಾಳಿಯಿಂದ ಊದಬೇಕು. ಶರತ್ಕಾಲದಲ್ಲಿ ಪೆಟ್ರೋಲಿನ ನಲ್ಲಿ ಮುಚ್ಚಿ, ಕಾರ್ಬ್ಯುರೇಟರಿನಲ್ಲಿದ್ದಷ್ಟು ಪೆಟ್ರೋಲನ್ನು ಓಡಿಸಿ ಖಾಲಿ ಮಾಡಿ ನಿಲ್ಲಿಸಿ ಎಂದು ಎಲ್ಲರಿಗೂ ಬುದ್ಧಿ ಹೇಳಿದವನು ನಾನೇ. ಇರಲಿ. ಇಂಥ ಗಾಡಿಗಳು ಮೊದಲ ಸವಾರಿಯಲ್ಲೇ ಕೈಕೊಡುವುದು. ಕೇಬಲ್ ತುಂಡಾಗುವುದು, ಬಿರುಕು ಬಿಟ್ಟ ಟೈರು ಬಾಯಿ ಬಿಡುವುದು ಎಲ್ಲ ಆಗಲೇ. ಸವಾರರ ಕೈಕಾಲಿಗೂ ತುಕ್ಕು ಹಿಡಿದಿರುತ್ತದೆ. ತಿರುವುಗಳಲ್ಲಿ ಚಳಿಗಾಲ ಬಿಟ್ಟುಹೋದ ಮರಳು, ಜಲ್ಲಿ. ನಮ್ಮ ಹತ್ತು ಇಂಚಿನ ಚಕ್ರಕ್ಕೆ ಪ್ರತಿ ಗುಂಡಿಯೂ ಬಾವಿಯೇ. ಇಳಿಜಾರಿನ ವಿಷಯವೂ ಇದೆ. ಟೂ ಸ್ಟ್ರೋಕ್ ಎಂಜಿನ್ನಿಗೆ ಆಯಿಲ್ ಹೋಗುವುದೇ ಪೆಟ್ರೋಲಿನ ಜೊತೆ. ಉದ್ದ ಇಳಿಜಾರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಬಿಟ್ಟು ಗಾಡಿ ಹರಿಯಬಿಟ್ಟರೆ ಎಂಜಿನ್ ಒಣಗುತ್ತದೆ, ಹಾಗಾಗಿ ಆಗಾಗ ಕೊಂಚ ತಿರುಗಿಸಿ ಉಣಿಸುತ್ತಿರಬೇಕು. ಹೊಸ ಗಾಡಿಯಲ್ಲಿ ಮುಂದೆ ಹೋಗುವವನಿಗೆ ಈ ಕಷ್ಟ ತಿಳಿಯುವುದಾದರೂ ಹೇಗೆ?

ವೆಸ್ಪಾವನ್ನು ರೂಪಿಸಿದ ಕೊರಾಡಿನೊ ದಸ್ಕಾನಿಯೊ ವಿಮಾನಗಳ ಎಂಜಿನಿಯರ್. ಆತನಿಗೆ ಮೋಟಾರ್‌ಸೈಕಲ್ ಕಂಡರೆ ಆಗುತ್ತಿರಲಿಲ್ಲ. ಬಟ್ಟೆಗೆ ಎಣ್ಣೆ ಮೆತ್ತದ ಹಾಗೆ ಎಂಜಿನ್ನು ಮುಚ್ಚಿದ. ಮುಂದಿನ ಚಕ್ರವನ್ನು ವಿಮಾನದ ಚಕ್ರದಂತೆ ಒಂದೇ ಪಕ್ಕದಿಂದ ಹಿಡಿಸಿದ, ಪಂಕ್ಚರಾದರೆ ರಸ್ತೆ ಬದಿಯಲ್ಲೇ ಬಿಚ್ಚಿ ಹಾಕಲಿ ಎಂದು. ಗಾಡಿ ರೂಪಿಸಿದವನಿಗೇ ಇದು ದಾರಿಯಲ್ಲಿ ನಿಲ್ಲುತ್ತದೆ ಎಂದು ಗೊತ್ತಿತ್ತು. ಗೊತ್ತಿಲ್ಲದಿರುವುದು ನಮ್ಮ ಸಮಿತಿಗೆ.

ಇಷ್ಟು ಹೊತ್ತು ಸಮಿತಿಯನ್ನು ಬೈದೆ. ಈಗ ನಿಜ ಹೇಳುತ್ತೇನೆ.

ಹೋದ ವರ್ಷದ ಕೊನೆಯ ಸವಾರಿಯನ್ನು ಮುನ್ನಡೆಸಿದವನು ನಾನು. ಹದಿನೆಂಟು ಗಾಡಿಗಳು ಹೊರಟೆವು. ಗಾಡಿಗೆ ಹೊಸ ಸೈಲೆನ್ಸರ್ ಹಾಕಿಸಿದ್ದೆ, ಅದರ ಸದ್ದು ನನಗೇ ಬಹಳ ಹಿಡಿಸಿತ್ತು, ಕನ್ನಡಿಯನ್ನು ಎಷ್ಟು ಸಲ ನೋಡಿದೆನೋ ನೆನಪಿಲ್ಲ. ತಲುಪಿದ ಮೇಲೆ ಸಾಲಾಗಿ ನಿಲ್ಲಿಸಿ ಫೋಟೋ ತೆಗೆಸಿದೆವು. ಆ ರಾತ್ರಿ ಇಲ್ಲೇ ಹಾಕಿದ್ದೆ, "ಎಲ್ಲರೂ ಒಟ್ಟಿಗೆ" ಎಂಬ ತಲೆಬರಹದೊಂದಿಗೆ. ಬೇಕಾದರೆ ಕೆಳಗೆ ಹೋಗಿ ನೋಡಿ, ಅಳಿಸಿಲ್ಲ. ಎಣಿಸಿ. ಹದಿನೇಳು.

ನನಗಿದು ಗೊತ್ತಾದದ್ದು ಎರಡು ತಿಂಗಳ ಮೇಲೆ, ಬೇರೆ ಯಾವುದೋ ಮಾತಿನ ನಡುವೆ. ಅವತ್ತು ಮೇಷ್ಟ್ರ ಕ್ಲಚ್ ಕೇಬಲ್ ತುಂಡಾಗಿತ್ತಂತೆ. ಡಿಕ್ಕಿಯಲ್ಲಿ ಹೊಸದೊಂದು ಕೇಬಲ್ ಸುತ್ತಿ ಇಟ್ಟುಕೊಂಡಿದ್ದರು, ಅವರು ಅಂಥವರೇ. ಒಬ್ಬರೇ ಕುಳಿತು ಹಾಕಿಕೊಂಡಿದ್ದಾರೆ. ಮುಂದೆ ಎರಡು ದಾರಿ ಒಡೆಯುವಲ್ಲಿ ಯಾರೂ ಇರಲಿಲ್ಲ, ಸ್ವಲ್ಪ ಹೊತ್ತು ನಿಂತು ನೋಡಿ ಮನೆಗೆ ತಿರುಗಿದ್ದಾರೆ. ಯಾರಿಗೂ ಫೋನ್ ಮಾಡಲಿಲ್ಲ. "ನಿಮ್ಮ ಸವಾರಿ ಯಾಕೆ ಕೆಡಿಸುವುದು ಎಂದುಕೊಂಡೆ" ಎಂದರು. ನನ್ನ ಆ ಫೋಟೋಗೆ ಬಂದ ಮೊದಲ ಲೈಕ್ ಅವರದು.

ನಿನ್ನೆಯ ಸಭೆಯಲ್ಲಿ ಅವರು ಮೂಲೆಯ ಕುರ್ಚಿಯಲ್ಲಿ ಕುಳಿತಿದ್ದರು. "ಯಾರು ತಡವಾಗಿ ಏಳುತ್ತಾರೋ ಅವರು" ಎಂದಾಗ ಅವರೂ ನಕ್ಕರು. ನನ್ನ ನಿದ್ದೆ ಕೆಡಿಸಿದ್ದು ಹುಳವಲ್ಲ, ಆ ನಗು.

ಇವತ್ತು ಬೆಳಿಗ್ಗೆ ಎದ್ದು ಗುಂಪಿಗೆ ಸಂದೇಶ ಹಾಕಿದೆ: ಈ ಸಲ ಸಾಲಿನ ಕೊನೆಯ ಗಾಡಿ ನನ್ನದು. ಕಿತ್ತಳೆ ಬಣ್ಣದ ಜಾಕೆಟ್ ಹಾಕಿಕೊಳ್ಳುತ್ತೇನೆ, ಪ್ಲಗ್, ಕೇಬಲ್, ಪಾನಾ ಇಟ್ಟುಕೊಂಡಿರುತ್ತೇನೆ. ತಿರುವಿನಲ್ಲಿ ನಿಂತವರು ನನ್ನನ್ನು ಕಾಣುವವರೆಗೆ ಕದಲಬಾರದು. ಅದರ ಕೆಳಗೆ ಮಧ್ಯಾಹ್ನದವರೆಗೆ ಬಂದ ಉತ್ತರಗಳು ಹನ್ನೊಂದು. ಹತ್ತು ಅಂಗಿಯ ಬಣ್ಣದ ಬಗ್ಗೆ. ಜಾಕೆಟ್ ಕಿತ್ತಳೆಯಾದರೆ ಅಂಗಿ ನೀಲಿಯೇ ಇರಲಿ ಎಂದು ಬಹುಮತ.

ಹನ್ನೊಂದನೆಯದು ಮೇಷ್ಟ್ರದು. "ಬರುವುದಾದರೆ ಬಾ. ನಿನ್ನ ಸ್ಟೆಪ್ನಿಯಲ್ಲಿ ಗಾಳಿ ಇಲ್ಲ, ಹೋದ ಸಲವೇ ನೋಡಿದ್ದೆ."

ಹೋಗಿ ಒತ್ತಿ ನೋಡಿದೆ. ಇರಲಿಲ್ಲ.