ಕಾಪಿಡಲಾರದಷ್ಟು ದೊಡ್ಡದು

2025ರ ಸೆಪ್ಟೆಂಬರ್ 26ರ ರಾತ್ರಿ ದಕ್ಷಿಣ ಕೊರಿಯಾದ ಡೇಜಾನ್ ನಗರದಲ್ಲಿರುವ ಸರ್ಕಾರಿ ದತ್ತಾಂಶ ಕೇಂದ್ರದ ಐದನೆಯ ಮಹಡಿಯಲ್ಲಿ ಲಿಥಿಯಂ ಬ್ಯಾಟರಿಗಳನ್ನು ನೆಲಮಾಳಿಗೆಗೆ ಸಾಗಿಸುವ ಕೆಲಸ ನಡೆದಿತ್ತು. ಸರ್ವರ್‌ಗಳ ಪಕ್ಕದಲ್ಲೇ ಬ್ಯಾಟರಿಗಳಿದ್ದರೆ ಬೆಂಕಿಯ ಅಪಾಯವಿದೆ ಎಂಬ ಮುಂದಾಲೋಚನೆಯೇ ಈ ಸ್ಥಳಾಂತರಕ್ಕೆ ಕಾರಣವಾಗಿತ್ತು, ಮತ್ತು ಆ ಮುಂದಾಲೋಚನೆ ಎಷ್ಟು ಸರಿಯಾಗಿತ್ತೆಂಬುದನ್ನು ಬ್ಯಾಟರಿಗಳು ಅದೇ ರಾತ್ರಿ, ಅದೇ ಮಹಡಿಯಲ್ಲಿ ಸಾಬೀತುಪಡಿಸಿದವು. ಬೆಂಕಿ ಆರಲು ಸುಮಾರು ಇಪ್ಪತ್ತೆರಡು ಗಂಟೆ ಹಿಡಿಯಿತು. ಆರುನೂರಕ್ಕೂ ಹೆಚ್ಚು ಸರ್ಕಾರಿ ವ್ಯವಸ್ಥೆಗಳು ಸ್ಥಗಿತಗೊಂಡವು. ಅವುಗಳಲ್ಲಿ 96 ನೇರವಾಗಿ ಬೆಂಕಿಗೆ ಸಿಕ್ಕವು. ಸುಟ್ಟವುಗಳ ಸಾಲಿನಲ್ಲಿ ಜಿ-ಡ್ರೈವ್ ಎಂಬುದೊಂದಿತ್ತು. ಅದು ಸರ್ಕಾರಿ ನೌಕರರು ತಮ್ಮ ಕೆಲಸದ ಕಡತಗಳನ್ನು ಇಟ್ಟುಕೊಳ್ಳುತ್ತಿದ್ದ ಭಂಡಾರ. ಅದರಲ್ಲಿದ್ದದ್ದು 858 ಟೆರಾಬೈಟ್. ಅದಕ್ಕೆ ಬೇರೆ ಪ್ರತಿ ಇರಲಿಲ್ಲ. ಏಕೆ ಇರಲಿಲ್ಲವೆಂದರೆ, ಗಾತ್ರ ತೀರ ದೊಡ್ಡದಾಗಿದ್ದರಿಂದ ಬ್ಯಾಕಪ್ ವ್ಯವಸ್ಥೆ ಮಾಡಲಾಗಿರಲಿಲ್ಲ ಎಂದು ಸರ್ಕಾರವೇ ವಿವರಣೆ ಕೊಟ್ಟಿತು.

ಈ ವಿವರಣೆಯನ್ನು ಕೇಳಿ ನಕ್ಕವರು ಆಡಳಿತದ ತತ್ತ್ವವನ್ನು ಅರಿತವರಲ್ಲ. ಚಿಕ್ಕದನ್ನು ಕಾಯಬೇಕು, ದೊಡ್ಡದನ್ನು ದೇವರಿಗೆ ಬಿಡಬೇಕು ಎಂಬುದು ಲೋಕದ ಎಲ್ಲ ಕಚೇರಿಗಳಿಗೂ ಸಮ್ಮತವಾದ ನೀತಿ. ಕೌಂಟರಿನ ಮೇಲಿರುವ ಐದು ರೂಪಾಯಿಯ ಬಾಲ್‌ಪೆನ್ನಿಗೆ ದಾರ ಕಟ್ಟಿ ಮೇಜಿನ ಮೊಳೆಗೆ ಬಿಗಿದಿರುತ್ತಾರೆ. ಅದೇ ಕೌಂಟರಿನ ಹಿಂದಿರುವ ಕಂಪ್ಯೂಟರಿನಲ್ಲಿ ಇಡೀ ಜಿಲ್ಲೆಯ ದಾಖಲೆಯಿದ್ದರೆ ಅದನ್ನು ಯಾರೂ ಯಾವುದಕ್ಕೂ ಕಟ್ಟಿರುವುದಿಲ್ಲ. ಪೆನ್ನಿಗೆ ದಾರ ಸಾಕು. ದಾಖಲೆಗೆ ಸಾಲುವಷ್ಟು ಉದ್ದದ ದಾರ ಎಲ್ಲಿ ಸಿಕ್ಕೀತು?

ಆದರೂ ಲೆಕ್ಕ ಹಾಕುವ ಕೆಟ್ಟ ಚಟ ಇರುವವರಿಗಾಗಿ ಆ ದೊಡ್ಡದರ ಗಾತ್ರವನ್ನು ಒಮ್ಮೆ ಅಳೆದು ನೋಡಬಹುದು. ದತ್ತಾಂಶವನ್ನು ಕಾಪಿಡಲೆಂದೇ ಇರುವ ಇಂದಿನ ಒಂದು ಎಲ್‌ಟಿಒ-9 ಟೇಪಿನಲ್ಲಿ, ಮಾಹಿತಿಯನ್ನು ಚೂರೂ ಕುಗ್ಗಿಸದೆ, 18 ಟೆರಾಬೈಟ್ ಹಿಡಿಯುತ್ತದೆ. 858ನ್ನು 18ರಿಂದ ಭಾಗಿಸಿದರೆ 48 ಟೇಪು ಬೇಕಾಗುತ್ತದೆ. ಒಂದೊಂದು ಟೇಪು ಅಂಗೈಯಗಲದ, ಎರಡು ಬೆರಳು ದಪ್ಪದ ಪ್ಲಾಸ್ಟಿಕ್ ಡಬ್ಬಿ. ಒಂದು ದೇಶದ ಸರ್ಕಾರದ ಎಂಟು ವರ್ಷಗಳ ಕಡತಗಳು ಒಂದು ಸಾಧಾರಣ ಸೂಟ್‌ಕೇಸಿನಲ್ಲಿ ಕೂತು, ವಿಮಾನದವರು ಹೆಚ್ಚುವರಿ ಶುಲ್ಕವನ್ನೂ ಕೇಳದಷ್ಟು ಹಗುರವಾಗಿ, ಬೇರೆ ಊರಿಗೆ ಹೋಗಬಹುದಾಗಿತ್ತು. ಹತ್ತನೆಯ ಶತಮಾನದಲ್ಲಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣಕ್ಕೆ ಸಾವಿರ ಓಲೆಪ್ರತಿಗಳನ್ನು ಮಾಡಿಸಿ ಹಂಚಿದಳೆಂದು ನಮ್ಮ ಸಾಹಿತ್ಯಚರಿತ್ರೆ ಹೇಳುತ್ತದೆ. ಆಕೆಗೆ ಸಲಹೆ ಕೊಡಲು ತಾಂತ್ರಿಕ ಸಮಿತಿ ಇರಲಿಲ್ಲವಾದ್ದರಿಂದ, ತಾಳೆಗರಿಯ ರಾಶಿ ತೀರ ದೊಡ್ಡದಾಗುತ್ತದೆಂಬ ಅರಿವು ಆಕೆಗೆ ಮೂಡಲೇ ಇಲ್ಲ.

ಡೇಜಾನ್‌ನ ಕಥೆಯಲ್ಲಿ ಇನ್ನೊಂದು ಸೊಗಸಿದೆ. ಕಡತಗಳನ್ನು ನಿಮ್ಮ ನಿಮ್ಮ ಕಂಪ್ಯೂಟರುಗಳಲ್ಲಿ ಇಟ್ಟುಕೊಳ್ಳಬೇಡಿ, ಎಲ್ಲವನ್ನೂ ಜಿ-ಡ್ರೈವ್‌ನಲ್ಲೇ ಇಡಿ ಎಂದು ಅಲ್ಲಿನ ನೌಕರರಿಗೆ ಮಾರ್ಗಸೂಚಿ ಹೊರಟಿತ್ತು. ತಲೆಗೆ 30 ಗಿಗಾಬೈಟ್ ಜಾಗವನ್ನೂ ಕೊಡಲಾಗಿತ್ತು. ಏಳೂವರೆ ಲಕ್ಷ ನೌಕರರ ಪೈಕಿ ಈ ಮಾರ್ಗಸೂಚಿಗೆ ಮನ್ನಣೆ ಕೊಟ್ಟು ಆ ಭಂಡಾರವನ್ನು ಬಳಸಿದವರು ಸುಮಾರು ಒಂದು ಲಕ್ಷದ ಇಪ್ಪತ್ತೈದು ಸಾವಿರ ಮಂದಿ, ಎಂದರೆ ನೂರಕ್ಕೆ ಹದಿನೇಳು. ಉಳಿದ ಎಂಬತ್ತಮೂರು ಪಾಲು ಜನ ಸೋಮಾರಿತನದಿಂದಲೋ ಗುಮಾನಿಯಿಂದಲೋ ಹಳೆಯ ಅಭ್ಯಾಸದಂತೆ ನಡೆದುಕೊಂಡು ಕಡತಗಳನ್ನು ಉಳಿಸಿಕೊಂಡರು. ಎಲ್ಲವನ್ನೂ ಅಲ್ಲೇ ಇಡಬೇಕೆಂದು ತನ್ನ ನೌಕರರನ್ನು ಕಡ್ಡಾಯಪಡಿಸಿದ್ದ ಸಿಬ್ಬಂದಿ ನಿರ್ವಹಣಾ ಸಚಿವಾಲಯಕ್ಕೇ ಎಲ್ಲರಿಗಿಂತ ದೊಡ್ಡ ಪೆಟ್ಟು ಬಿತ್ತು. ಸಿಬ್ಬಂದಿಗೆ ಶಿಸ್ತನ್ನು ಕಲಿಸುವುದು ಅದರ ಕೆಲಸವೇ ಆಗಿರುವುದರಿಂದ ಅದು ಮೇಲ್ಪಂಕ್ತಿ ಹಾಕಿಕೊಡಲೇಬೇಕಿತ್ತು. ಆಮೇಲೆ ನಡೆದ ಹುಡುಕಾಟದಲ್ಲಿ ಒದಗಿ ಬಂದದ್ದು ಯಾವುದು? ಕಂಪ್ಯೂಟರುಗಳಲ್ಲಿ ನಿಯಮ ಮೀರಿ ಉಳಿದುಕೊಂಡಿದ್ದ ಇತ್ತೀಚಿನ ಕಡತಗಳು, ಯಾರಿಗೋ ಕಳಿಸಿದ ಇಮೇಲ್‌ಗಳ ಬಾಲದಲ್ಲಿದ್ದ ಲಗತ್ತುಗಳು, ಮತ್ತು ಕಾಗದದ ಮೇಲೆ ಅಚ್ಚಾದ ಪ್ರತಿಗಳು.

ಇದೇ ದೇಶದಲ್ಲಿ 2022ರ ಅಕ್ಟೋಬರ್ 15ರಂದು ಪಾಂಗ್ಯೋ ಎಂಬಲ್ಲಿ ಖಾಸಗಿ ದತ್ತಾಂಶ ಕೇಂದ್ರವೊಂದಕ್ಕೆ ಇಂತಹುದೇ ಬ್ಯಾಟರಿಯಿಂದ ಬೆಂಕಿ ಬಿದ್ದು, ಜನರೆಲ್ಲ ಬಳಸುವ ಕಾಕಾವೊಟಾಕ್ ಎಂಬ ಸಂದೇಶ ಸೇವೆ ದಿನಗಟ್ಟಲೆ ಪರದಾಡಿತ್ತು. ಎಲ್ಲವನ್ನೂ ಒಂದೇ ಕಡೆ ಏಕೆ ಇಟ್ಟಿರಿ ಎಂದು ಆಗ ಸರ್ಕಾರ ಆ ಕಂಪನಿಯನ್ನು ತರಾಟೆಗೆ ತೆಗೆದುಕೊಂಡು, ಖಾಸಗಿಯವರಿಗೆ ಅನ್ವಯಿಸುವಂತೆ ಕಾನೂನನ್ನೂ ಬಿಗಿಗೊಳಿಸಿತು. ಉಪದೇಶದ ಪ್ರತಿಯೊಂದನ್ನು ತನಗಾಗಿ ಇಟ್ಟುಕೊಳ್ಳುವುದನ್ನು ಮಾತ್ರ ಅದು ಮರೆತಿತ್ತು.

ದೂರದ ದೇಶದವರ ಮನೆ ಸುಟ್ಟರೆ ನಮಗೇನು, ನಮ್ಮದೆಲ್ಲ ಸಿಂಕ್ ಆಗುತ್ತಿದೆ ಎಂದು ಎದೆ ತಟ್ಟಿಕೊಳ್ಳುವವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಸಿಂಕ್ ಎಂಬ ಸೇವಕನ ನಿಷ್ಠೆಯನ್ನು ಎಷ್ಟು ಹೊಗಳಿದರೂ ಸಾಲದು. ಅವನು ಒಂದು ಕಡೆ ಆದದ್ದನ್ನು ಎಲ್ಲ ಕಡೆಯೂ ಆಗಿಸುತ್ತಾನೆ. ಆದದ್ದು ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳುವ ಅಧಿಕಪ್ರಸಂಗತನ ಅವನಲ್ಲಿಲ್ಲ. ಫೋನಿನಲ್ಲಿ ಜಾಗವಿಲ್ಲವೆಂದು ಮೊಮ್ಮಗ ಅಜ್ಜಿಯ ಎಂಬತ್ತರ ಶಾಂತಿಯ ಫೋಟೋಗಳನ್ನು ಅಳಿಸಿದರೆ, ಸಿಂಕ್ ಆ ಅಳಿಸುವಿಕೆಯನ್ನೂ ಭಕ್ತಿಯಿಂದ ಮೇಲೊಯ್ದು, ಅಲ್ಲಿಂದ ಮನೆಯ ಇತರ ಯಂತ್ರಗಳಿಗೆಲ್ಲ ಹಂಚುತ್ತದೆ. ರ‍್ಯಾನ್ಸಮ್‌ವೇರ್ ಎಂಬ ಒತ್ತೆಹಣ ಕೇಳುವ ತಂತ್ರಾಂಶ ಬಂದು ಕಡತಕ್ಕೆ ಬೀಗ ಜಡಿದರೆ, ಬೀಗ ಜಡಿದ ಕಡತವೇ ಹೊಸ ಆವೃತ್ತಿಯೆಂದು ತಿಳಿದು ಹಳೆಯದರ ಮೇಲೆ ಕೂರಿಸುತ್ತದೆ. ಹಳೆಯ ಆವೃತ್ತಿಗಳನ್ನು ಕೆಲವು ದಿನ ಉಳಿಸಿಡುವ ಏರ್ಪಾಡು ಕೆಲವು ಸೇವೆಗಳಲ್ಲಿದೆ ನಿಜ. ಆದರೆ ಅವಧಿ ಮುಗಿಯುವ ಮೊದಲೇ ಅನಾಹುತ ಗಮನಕ್ಕೆ ಬರಬೇಕು, ಮತ್ತು ಎಂಬತ್ತರ ಶಾಂತಿಯ ಫೋಟೋ ನೆನಪಾಗುವುದು ಸಾಮಾನ್ಯವಾಗಿ ತೊಂಬತ್ತರ ಹೊತ್ತಿಗೆ.

ಸಿಂಕ್‌ನ ಮಹಿಮೆಗೆ ಮೇರ್ಸ್ಕ್ ಎಂಬ ಡೆನ್ಮಾರ್ಕಿನ ಹಡಗು ಕಂಪನಿಯೇ ಸಾಕ್ಷಿ. ಕಂಪನಿಯ ಜಾಲದೊಳಗೆ ಯಾರು ಯಾರು, ಯಾರಿಗೆ ಎಲ್ಲಿ ಪ್ರವೇಶ ಎಂಬ ಮೂಲ ದಾಖಲೆಯನ್ನು ಹಿಡಿದಿಟ್ಟುಕೊಳ್ಳುವ ಡೊಮೇನ್ ಕಂಟ್ರೋಲರುಗಳು ಅದರ ಬಳಿ ಜಗತ್ತಿನಾದ್ಯಂತ ಸುಮಾರು ನೂರೈವತ್ತು ಇದ್ದವು. ಒಂದು ಸತ್ತರೆ ಇನ್ನೊಂದಿದೆ ಎಂಬ ಭರವಸೆಯಿಂದ ಅವೆಲ್ಲ ಒಂದರೊಡನೊಂದು ಸಿಂಕ್ ಆಗುತ್ತಿದ್ದವು. ಎಲ್ಲವೂ ಒಟ್ಟಿಗೆ ಸಾಯಬಹುದೆಂಬ ಅಪಶಕುನವನ್ನು ಯಾರೂ ನುಡಿದಿರಲಿಲ್ಲ. 2017ರ ಜೂನ್ 27ರಂದು ಉಕ್ರೇನಿನ ತೆರಿಗೆ ಲೆಕ್ಕದ ತಂತ್ರಾಂಶವೊಂದರ ಬೆನ್ನೇರಿ ಬಂದ ನಾಟ್‌ಪೆಟ್ಯಾ ಎಂಬ ಕುತಂತ್ರಾಂಶ ಅವುಗಳನ್ನೆಲ್ಲ ಗುಡಿಸಿ ಹಾಕಿತು. ಅದು ಒತ್ತೆಹಣ ಕೇಳುವ ವೇಷ ಹಾಕಿತ್ತಷ್ಟೇ. ಹಣ ಕೊಟ್ಟರೂ ಕಡತ ಮರಳಿಸುವ ವಿದ್ಯೆ ಅದಕ್ಕೆ ಗೊತ್ತಿರಲಿಲ್ಲ. ಆ ಕಂಪನಿಯ ಸೋದರ ಸಂಸ್ಥೆ ನಡೆಸುವ, ಮುಂಬೈ ಬಳಿಯ ನ್ಹಾವಾ ಶೇವಾದ ಟರ್ಮಿನಲ್ಲಿನಲ್ಲೂ ಕಂಟೇನರುಗಳು ನಿಂತಲ್ಲೇ ನಿಂತವು.

ನೂರೈವತ್ತರಲ್ಲಿ ಬದುಕಿ ಉಳಿದದ್ದು ಒಂದೇ ಒಂದು. ಅದು ಘಾನಾ ದೇಶದಲ್ಲಿತ್ತು, ಮತ್ತು ಅದು ಉಳಿದದ್ದಕ್ಕೆ ಕಾರಣ ದಾಳಿಗೆ ಸ್ವಲ್ಪ ಮೊದಲು ಅಲ್ಲಿ ಕರೆಂಟ್ ಹೋಗಿತ್ತು. ಕರೆಂಟಿಲ್ಲದ್ದರಿಂದ ಸಿಂಕ್ ಇರಲಿಲ್ಲ, ಜಾಲದ ಸಂಪರ್ಕವೂ ಇರಲಿಲ್ಲ, ಆದ್ದರಿಂದ ಸಾವೂ ಬರಲಿಲ್ಲ. ಅದರಲ್ಲಿದ್ದುದನ್ನು ಇಂಗ್ಲೆಂಡಿಗೆ ಕಳಿಸೋಣವೆಂದರೆ ಘಾನಾದ ಇಂಟರ್ನೆಟ್ ವೇಗಕ್ಕೆ ದಿನಗಳೇ ಬೇಕಿದ್ದವು. ಕೈಯಲ್ಲಿ ಹಿಡಿದು ತರೋಣವೆಂದರೆ ಘಾನಾದ ಸಿಬ್ಬಂದಿಗೆ ವೀಸಾ ಇರಲಿಲ್ಲ. ಕೊನೆಗೆ ಅವರಲ್ಲೊಬ್ಬರು ನೈಜೀರಿಯಾಕ್ಕೆ ಹಾರಿ, ವಿಮಾನ ನಿಲ್ದಾಣದಲ್ಲಿ ಇನ್ನೊಬ್ಬರ ಕೈಗೆ ಆ ಡಿಸ್ಕನ್ನು ಒಪ್ಪಿಸಿ, ಆ ಇನ್ನೊಬ್ಬರು ಲಂಡನ್ನಿಗೆ ಹಾರಿದ ಮೇಲೆ ಜಗತ್ತಿನ ಸರಕು ಸಾಗಣೆ ಉಸಿರಾಡಿತು. ಸಿಂಕ್‌ಗಿಂತ ಪವರ್‌ಕಟ್ ಮೇಲೆಂದು ಇಷ್ಟು ಸ್ಪಷ್ಟವಾಗಿ ಇತಿಹಾಸವೇ ಸಾರಿರುವಾಗ, ನಮ್ಮ ವಿದ್ಯುತ್ ಸರಬರಾಜು ಕಂಪನಿಗಳು ದಶಕಗಳಿಂದ ಹಳ್ಳಿಹಳ್ಳಿಗೂ ಉಚಿತವಾಗಿ ಒದಗಿಸುತ್ತಿರುವ ಸೈಬರ್ ಭದ್ರತೆಗೆ ಒಂದು ರಾಜ್ಯೋತ್ಸವ ಪ್ರಶಸ್ತಿಯಾದರೂ ಬರಬೇಕಿತ್ತು. ಯುಪಿಎಸ್ ಕೊಂಡು ಆ ಭದ್ರತೆಯನ್ನು ಕೈಯಾರೆ ಕೆಡಿಸಿಕೊಂಡವರು ನಾವೇ.

ಸಿಂಕ್‌ನ ಗೊಡವೆಯೇ ಬೇಡ, ನಮ್ಮಲ್ಲಿ ಬೇರೆ ಡಿಸ್ಕೇ ಇದೆ ಎನ್ನುವ ಕಚೇರಿಗಳೂ ಉಂಟು. ಆ ಡಿಸ್ಕನ್ನು ಹತ್ತಿರ ಹೋಗಿ ನೋಡಬೇಕು. ಸಿಪಿಯು ಪೆಟ್ಟಿಗೆಯ ನೆತ್ತಿಯ ಮೇಲೆ ಅಂಟುಪಟ್ಟಿಯಿಂದ ಬಿಗಿದ ಕಪ್ಪು ಡಬ್ಬಿ; ಅದರ ಮೇಲೆ ಸ್ಕೆಚ್ ಪೆನ್ನಿನಲ್ಲಿ ‘ಬ್ಯಾಕಪ್ – ಮುಟ್ಟಬಾರದು’ ಎಂಬ ಬರಹ; ಬರಹದ ಮೇಲೆ ಕಳೆದ ಆಯುಧಪೂಜೆಯ ಕುಂಕುಮ, ಅದರ ಹಿಂದಿನ ವರ್ಷದ ವಿಭೂತಿ, ಸಂದಿಯಲ್ಲಿ ಒಣಗಿದ ಚೆಂಡುಹೂವಿನ ಎಸಳು. ತಂದ ದಿನ ಚುಚ್ಚಿದ ಕೇಬಲನ್ನು ಅಂದಿನಿಂದ ಇಂದಿನವರೆಗೆ ಯಾರೂ ಕಿತ್ತಿಲ್ಲ, ಏಕೆಂದರೆ ಮುಟ್ಟಬಾರದೆಂದು ಬರೆದಿದೆ. ರ‍್ಯಾನ್ಸಮ್‌ವೇರಿಗೆ ಕನ್ನಡ ಓದಲು ಬರುವುದಿಲ್ಲವಾದ್ದರಿಂದ ಅದು ಮುಟ್ಟುತ್ತದೆ. ಯಂತ್ರಕ್ಕೆ ಚುಚ್ಚಿಕೊಂಡಿರುವ ಎಲ್ಲ ಡಿಸ್ಕುಗಳೂ ಅದಕ್ಕೆ ಸಮಾನ. ಪ್ರತಿಗೂ ಮೂಲಕ್ಕೂ ಅದು ಭೇದವೆಣಿಸುವುದಿಲ್ಲ.

ಇಂಥ ಕಚೇರಿಯೊಂದಕ್ಕೆ ಹೊಸದಾಗಿ ಸೇರಿದ ಹುಡುಗನೊಬ್ಬ ಸಭೆಯಲ್ಲಿ ಎದ್ದು ನಿಂತು, “ಸರ್, ಮೂರು ಪ್ರತಿ ಇರಬೇಕು, ಎರಡು ಬೇರೆ ಬೇರೆ ಮಾಧ್ಯಮದಲ್ಲಿರಬೇಕು, ಒಂದಾದರೂ ಬೇರೆ ಊರಿನಲ್ಲಿರಬೇಕು” ಎಂದನೆಂದು ಇಟ್ಟುಕೊಳ್ಳಿ. ಸಾಹೇಬರು ಕನ್ನಡಕ ಕೆಳಗಿಳಿಸಿ ಹೇಳುವುದು ಇಷ್ಟೇ: “ಜೆರಾಕ್ಸ್ ಬಿಲ್ಲಿಗೇ ಆಡಿಟ್‌ನವರು ಆಕ್ಷೇಪಣೆ ಹಾಕಿದ್ದಾರಪ್ಪಾ. ಒಂದೇ ಕಡತವನ್ನು ಮೂರು ಸಲ ಇಡೋದಕ್ಕೆ ಮೂರು ಡಿಸ್ಕು ಅಂದರೆ ನನ್ನ ಪಿಂಚಣಿಯಿಂದ ಹಿಡಿಯುತ್ತಾರೆ, ಕೂತ್ಕೋ.” ಹುಡುಗ ಕೂರುತ್ತಾನೆ. ಅದಕ್ಕೊಂದು ಸಮಿತಿಯೂ ಕೂರುತ್ತದೆ.

2022ರ ನವೆಂಬರ್ 23ರ ಬೆಳಿಗ್ಗೆ ದೆಹಲಿಯ ಏಮ್ಸ್ ಆಸ್ಪತ್ರೆಯ ಐದು ಸರ್ವರ್‌ಗಳಲ್ಲಿದ್ದ ಸುಮಾರು 1.3 ಟೆರಾಬೈಟ್ ಮಾಹಿತಿಗೆ ಬೀಗ ಬಿತ್ತು. ಹೊರರೋಗಿಗಳ ನೋಂದಣಿಯಿಂದ ರಕ್ತಪರೀಕ್ಷೆಯ ವರದಿಯವರೆಗೆ ಎಲ್ಲವೂ ಕಾಗದಕ್ಕೆ ಮರಳಿದವು, ಮತ್ತು ಸುಮಾರು ಎರಡು ವಾರ ದೇಶದ ಅತಿ ದೊಡ್ಡ ಆಸ್ಪತ್ರೆಗಳಲ್ಲೊಂದು ಪೆನ್ನಿನ ಬಲದಿಂದ ನಡೆಯಿತು. ಜಾಲವನ್ನು ಸರಿಯಾಗಿ ವಿಭಾಗಿಸಿರಲಿಲ್ಲವೆಂದು ಸರ್ಕಾರ ಸಂಸತ್ತಿಗೆ ತಿಳಿಸಿತು. ದಾಳಿಗೆ ಸಿಗದೆ ಉಳಿದಿದ್ದ ಬ್ಯಾಕಪ್ ಸರ್ವರ್ ಒಂದರಿಂದ ಇ-ಆಸ್ಪತ್ರೆಯ ಮಾಹಿತಿ ಮರಳಿ ಬಂತು ಎಂಬುದನ್ನೂ ಸಂಸತ್ತಿನಲ್ಲಿ ಹೇಳಲಾಯಿತು. ವೃತ್ತಪತ್ರಿಕೆಗಳು ವಾರಗಟ್ಟಲೆ ಚೀನಾದ ಕಳ್ಳರ ಬಗ್ಗೆ ಬರೆದವು. ಆ ಸರ್ವರನ್ನು ಬೇರೆಯಾಗಿ ಇಟ್ಟಿದ್ದ ಪುಣ್ಯಾತ್ಮರು ಯಾರೆಂದು ಯಾರಾದರೂ ವಿಚಾರಿಸಿದಂತೆ ಕಾಣೆ. ಏನೂ ಆಗದಂತೆ ನೋಡಿಕೊಂಡವರಿಗೆ ಸುದ್ದಿಯಲ್ಲಿ ಸ್ಥಾನವಿಲ್ಲ, ಕಡತದಲ್ಲಿಯೂ ಇಲ್ಲ.

ಬ್ಯಾಕಪ್ ಇದೆಯೇ ಎಂಬ ಪ್ರಶ್ನೆಗೆ ನಮ್ಮ ಪರಿಶೀಲನಾ ನಮೂನೆಗಳಲ್ಲಿ ‘ಹೌದು’, ‘ಇಲ್ಲ’ ಎಂಬ ಎರಡು ಚೌಕಗಳಿರುತ್ತವೆ. ಅದನ್ನು ಎಂದಾದರೂ ಮರಳಿ ತೆಗೆದು ನೋಡಿದ್ದೀರಾ ಎಂಬ ಅಸಭ್ಯ ಪ್ರಶ್ನೆ ಎಲ್ಲಿಯೂ ಇರುವುದಿಲ್ಲ. ಜಗತ್ತಿನ ತಂತ್ರಾಂಶ ಬರೆಯುವವರಿಗೆಲ್ಲ ಆಸರೆಯಾಗಿರುವ ಗಿಟ್‌ಲ್ಯಾಬ್ ಕಂಪನಿಯಲ್ಲಿ 2017ರ ಜನವರಿ 31ರಂದು ಎಂಜಿನಿಯರೊಬ್ಬರು ಆಯಾಸದ ರಾತ್ರಿಯಲ್ಲಿ ತಪ್ಪು ಸರ್ವರಿನ ಸುಮಾರು 300 ಗಿಗಾಬೈಟ್ ಅಳಿಸಿಬಿಟ್ಟಾಗ, ಅಲ್ಲಿ ಬ್ಯಾಕಪ್‌ಗೆ ಐದು ವಿಧಾನಗಳಿದ್ದವು. ಐದಕ್ಕೆ ಐದೂ ಕೈಕೊಟ್ಟವು. ಕಾಪಾಡಿದ್ದು ಆರು ಗಂಟೆ ಮೊದಲು ಅದೇ ಎಂಜಿನಿಯರು ಬೇರೆ ಯಾವುದೋ ಕೆಲಸಕ್ಕೆಂದು ತೆಗೆದಿಟ್ಟಿದ್ದ ಪ್ರತಿ. ಆ ಕಂಪನಿ ತನ್ನ ಪಾಡನ್ನೆಲ್ಲ ಯೂಟ್ಯೂಬಿನಲ್ಲಿ ನೇರಪ್ರಸಾರ ಮಾಡಿತು. ನಮ್ಮಲ್ಲಾಗಿದ್ದರೆ ಇಷ್ಟು ಹೊತ್ತಿಗೆ ‘ತಾಂತ್ರಿಕ ಕಾರಣಗಳಿಂದ’ ಎಂಬ ಎರಡು ಪದಗಳ ಪ್ರಕಟಣೆಯಲ್ಲಿ ಎಲ್ಲ ಸುಸೂತ್ರವಾಗಿ ಮುಗಿದಿರುತ್ತಿತ್ತು.

ಇಷ್ಟೆಲ್ಲದರ ನಡುವೆ ಬ್ಯಾಕಪ್ಪನ್ನು ಶ್ರದ್ಧೆಯಿಂದ ನೋಡುವ ಒಂದೇ ಒಂದು ವರ್ಗವಿದೆ, ಅದು ಸುಲಿಗೆಕೋರರದು. ಅವರು ಒಳಹೊಕ್ಕ ಕೂಡಲೇ ಬೀಗ ಹಾಕುವುದಿಲ್ಲ. ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ಓಡಾಡಿ, ಪ್ರತಿಗಳು ಎಲ್ಲೆಲ್ಲಿವೆ, ಕೀಲಿ ಯಾರ ಬಳಿಯಿದೆ ಎಂದು ಪತ್ತೆ ಹಚ್ಚಿ, ಮೊದಲು ಅವುಗಳನ್ನು ಅಳಿಸಿದ ಮೇಲೆಯೇ ಮೂಲದ ಕಡೆ ತಿರುಗುತ್ತಾರೆ. ಯಾವ ಆಡಿಟರೂ ಇಷ್ಟು ಕೂಲಂಕಷವಾಗಿ ತಪಾಸಣೆ ಮಾಡಿದ್ದನ್ನು ನಾನು ಕೇಳಿಲ್ಲ. ಹಣ ಕೊಡದಿದ್ದರೆ ಎಲ್ಲವನ್ನೂ ಬಯಲಿಗಿಡುತ್ತೇವೆಂದು ಹೆದರಿಸುವುದಕ್ಕಾಗಿ ಈಗೀಗ ಅವರು ಬೀಗ ಹಾಕುವ ಮೊದಲು ಎಲ್ಲ ಕಡತಗಳ ಪ್ರತಿಯನ್ನೂ ಹೊರದೇಶಕ್ಕೆ ಸಾಗಿಸುತ್ತಾರೆ. ಎಂದರೆ, ಎಷ್ಟೋ ಸಂಸ್ಥೆಗಳ ಪಾಲಿಗೆ ಬೇರೆ ಊರಿನಲ್ಲಿ, ಬೇರೆ ಯಂತ್ರದಲ್ಲಿ ಸುರಕ್ಷಿತವಾಗಿರುವ ಏಕೈಕ ಪ್ರತಿ ಕಳ್ಳರ ಬಳಿಯಿರುವ ಪ್ರತಿಯೇ ಆಗಿದೆ.

ಅವರ ಸೇವೆಯಲ್ಲಿ ಕುಂದುಗಳಿಲ್ಲವೆಂದಲ್ಲ. 2021ರ ಮೇ ತಿಂಗಳಲ್ಲಿ ಅಮೆರಿಕದ ಕಲೋನಿಯಲ್ ಪೈಪ್‌ಲೈನ್ ಕಂಪನಿ 75 ಬಿಟ್‌ಕಾಯಿನ್, ಎಂದರೆ ಸುಮಾರು 44 ಲಕ್ಷ ಡಾಲರ್ ತೆತ್ತು ಪಡೆದ ಬೀಗ ತೆಗೆಯುವ ತಂತ್ರಾಂಶ ಎಷ್ಟು ನಿಧಾನವಾಗಿತ್ತೆಂದರೆ, ಕಂಪನಿಯು ತನ್ನದೇ ಬ್ಯಾಕಪ್‌ಗಳಿಂದ ಕೆಲಸ ಮುಂದುವರಿಸಬೇಕಾಯಿತು. ಆದರೂ ಒಟ್ಟಾರೆ ನೋಡಿದರೆ, ಗಾತ್ರ ದೊಡ್ಡದಾಯಿತೆಂದು ಅವರು ಯಾರನ್ನೂ ವಾಪಸು ಕಳಿಸಿದ್ದಿಲ್ಲ. ವಿಚಾರಣೆಗೆಂದು ಚಾಟ್ ಕಿಟಕಿಯನ್ನು ತೆರೆದಿಟ್ಟು, ಊಟದ ವಿರಾಮವೆಂಬ ಫಲಕ ತೂಗುಹಾಕದೆ ಉತ್ತರ ಕೊಡುತ್ತಾರೆ. ಹೀಗಿರುವಾಗ ಸರ್ಕಾರವು ದಾಖಲೆ ರಕ್ಷಣೆಯ ಇಡೀ ಹೊಣೆಯನ್ನು ವಾರ್ಷಿಕ ನಿರ್ವಹಣಾ ಗುತ್ತಿಗೆಯ ಮೇಲೆ ಅವರಿಗೇ ವಹಿಸುವುದು ಲೇಸು. ಅರ್ಹತೆಯ ಬಗ್ಗೆ ಅನುಮಾನವಿಲ್ಲ, ಅನುಭವದ ಪ್ರಮಾಣಪತ್ರ ಕೇಳಬೇಕಾಗಿಲ್ಲ, ಸ್ಥಳ ಪರಿಶೀಲನೆಯನ್ನು ಅವರು ಈಗಾಗಲೇ ಮುಗಿಸಿರುವ ಸಂಭವವೇ ಹೆಚ್ಚು. ಜಿಎಸ್‌ಟಿ ಸಂಖ್ಯೆಯೊಂದನ್ನು ಹೇಗೆ ಪಡೆಯುವುದೆಂಬ ತೊಡಕು ಮಾತ್ರ ಉಳಿದಿದೆ. ಅದರ ಬಗ್ಗೆ ಸಮಿತಿ ಯೋಚಿಸುತ್ತದೆ.