ಎಲ್ಲಿ ಬೇಕಾದರೂ ಆಡಿ, ಆದ್ರೆ ಅಲ್ಲಾಡಬೇಡಿ

"ಅಂಕಲ್, ಗೇಮ್ ಇದರೊಳಗೆ ಇರಲ್ಲ" ಅಂದ ಅಂಗಡಿ ಹುಡುಗ. ಜಾದೂಗಾರ ಖಾಲಿ ಟೋಪಿ ತೋರಿಸುವ ಹಾಗೆ ಟ್ಯಾಬ್ಲೆಟ್ಟನ್ನು ಹಿಂದೆ ಮುಂದೆ ತಿರುಗಿಸಿ ತೋರಿಸಿದ.

"ಮತ್ತೆ ಎಲ್ಲಿರುತ್ತೆ?"

"ಕ್ಲೌಡ್‌ನಲ್ಲಿ." ಬೆರಳು ಮೇಲಕ್ಕೆ ಹೋಯಿತು. ನಾನೂ ಮೇಲೆ ನೋಡಿದೆ. ಫಾಲ್ಸ್ ಸೀಲಿಂಗ್ ಇತ್ತು.

ಮುಂಬೈ ಕಡೆಯವರಿಗೆ ಮೋಡ ಅಂದ್ರೆ ಸ್ವಲ್ಪ ಭಯ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದದ್ದನ್ನು ನಾವು ಮರೆತಿಲ್ಲ. ಮೋಡದಲ್ಲಿ ಇಟ್ಟದ್ದು ಕೆಳಗೆ ಹೇಗೆ ಬರುತ್ತದೆ ಅಂತ ಅವತ್ತೇ ಸೊಂಟದ ಮಟ್ಟಕ್ಕೆ ಗೊತ್ತಾಗಿದೆ. ಆದ್ರೆ ಪಕ್ಕದಲ್ಲಿ ಮಗ ನಿಂತಿದ್ದ. ಒಂಬತ್ತನೇ ಕ್ಲಾಸು. ಅವನ ವಾದ ಸರಳ. ಟಿವಿಗೆ ಸಿಕ್ಕಿಸುವ ಗೇಮ್ ಪೆಟ್ಟಿಗೆ, ಅಂದ್ರೆ ಕನ್ಸೋಲ್ ಬೇಡ, ದೊಡ್ಡ ಕಂಪ್ಯೂಟರ್ ಬೇಡ, ಟ್ಯಾಬ್ಲೆಟ್ ಸಾಕು. ಗೇಮ್ ಎಲ್ಲೋ ದೂರದ ಸರ್ವರ್‌ನಲ್ಲಿ ಓಡುತ್ತದೆ, ಚಿತ್ರ ಮಾತ್ರ ಇಂಟರ್ನೆಟ್ಟಿನಲ್ಲಿ ಬರುತ್ತದೆ. ಮೇಲಾಗಿ ಓದಲಿಕ್ಕೂ ಆಗುತ್ತದೆ. ಈ ಕೊನೆಯ ಮಾತು ಹೇಳುವಾಗ ಅವನು ನನ್ನ ಮುಖ ನೋಡಲಿಲ್ಲ.

ಡಬ್ಬಿಯ ಮೇಲೆ ದೊಡ್ಡ ಅಕ್ಷರ: ಎಲ್ಲಿ ಬೇಕಾದರೂ ಆಡಿ. ಕೆಳಗೆ ಇರುವೆ ಸಾಲಿನಂಥ ಸಣ್ಣ ಅಕ್ಷರ ಇತ್ತು. ಕನ್ನಡಕ ಡೊಂಬಿವಲಿಯ ಮನೆಯಲ್ಲಿತ್ತು. ಕೊಂಡುಬಿಟ್ಟೆ.

ಮೊದಲ ದಿನ ಮಗ ನನಗೇ ಆಡಲು ಕೊಟ್ಟ. ಕಾರು ಓಡಿಸುವ ಆಟ. ಸಮುದ್ರದ ಪಕ್ಕದ ರಸ್ತೆ. ತಿರುವು ಬಂತು, ಬ್ರೇಕ್ ಒತ್ತಿದೆ. ಕಾರು ಒಂದು ಕ್ಷಣ ಯೋಚಿಸಿತು. ಆಮೇಲೆ ತಡೆಗೋಡೆ ಹಾರಿ ಸಮುದ್ರಕ್ಕೆ ಬಿತ್ತು. ನೀರೊಳಗೆ ಹೋದ ಮೇಲೆ ಬ್ರೇಕ್ ಚೆನ್ನಾಗಿ ಹಿಡಿಯಿತು.

"ಲ್ಯಾಗ್ ಅಪ್ಪಾ" ಅಂದ ಮಗ, ನೆಗಡಿ ಅಂದ ಹಾಗೆ.

ಲ್ಯಾಗ್ ಅಂದ್ರೆ ತಡ. ಲೆಕ್ಕ ಹಾಕಿ ನೋಡಿದೆ. ಗಂಟೆಗೆ 200 ಕಿಲೋಮೀಟರ್ ಓಡುವ ಕಾರು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ಐದೂವರೆ ಮೀಟರ್ ಮುಂದೆ ಹೋಗಿರುತ್ತದೆ. ತಿರುವು ಅಷ್ಟು ಹೊತ್ತು ನನಗಾಗಿ ಕಾಯುವುದಿಲ್ಲ.

ಅಲ್ಲ, ರಾತ್ರಿಯೆಲ್ಲ ಇದೇ ಲೈನಿನಲ್ಲಿ ಸಿನಿಮಾ ನೋಡ್ತೀವಿ, ಏನೂ ಆಗಲ್ಲ. ಗೇಮಿಗೆ ಮಾತ್ರ ಏನು ಧಾಡಿ? ಇದರ ಉತ್ತರ ಅಡುಗೆಮನೆಯಲ್ಲಿದೆ. ಸಿನಿಮಾ ಚಕ್ಕುಲಿ ಇದ್ದ ಹಾಗೆ. ಮೊದಲೇ ಕರಿದು ಡಬ್ಬಿ ತುಂಬಿಸಿಡಬಹುದು. ಲೈನು ಎರಡು ನಿಮಿಷ ಮಲಗಿದರೂ ಡಬ್ಬಿಯಿಂದ ತೆಗೆದು ತಿನ್ನುತ್ತಿರಬಹುದು. ಗೇಮು ದೋಸೆ. ಸೆಕೆಂಡಿಗೆ 60 ದೋಸೆ, ಅಂದ್ರೆ ಒಂದೊಂದಕ್ಕೂ ಹದಿನೇಳು ಮಿಲಿಸೆಕೆಂಡ್ ಕೂಡ ಇಲ್ಲ. ಮುಂದಿನ ದೋಸೆ ಮಸಾಲೆಯೋ ಸಾದಾನೋ ಅಂತ ನಿಮ್ಮ ಬೆರಳು ಈಗಷ್ಟೇ ಹೇಳಬೇಕು. ಮೊದಲೇ ಹುಯ್ದಿಡುವ ಹಾಗಿಲ್ಲ. ಒಲೆ ಬೇರೆ ಊರಿನಲ್ಲಿದೆ.

ಆ ಬೇರೆ ಊರು ಎಷ್ಟು ದೂರ? ತಮಾಷೆ ಇರುವುದೇ ಇಲ್ಲಿ. ಸಮುದ್ರದಡಿಯ ಕೇಬಲ್‌ಗಳು ಬಂದು ಮುಟ್ಟುವುದು ನಮ್ಮ ವರ್ಸೋವಾದಲ್ಲಿ. ಡೇಟಾ ಸೆಂಟರುಗಳು ಸಾಲುಗಟ್ಟಿ ನಿಂತಿರುವುದು ನವಿ ಮುಂಬೈಯ ಐರೋಳಿ, ರಬಾಳೆ, ಮಹಾಪೆಯಲ್ಲಿ. ನಮ್ಮ ಬಿಲ್ಡಿಂಗಿನ ಟೆರೇಸಿನಿಂದ ಕಾಣುವ ಗುಡ್ಡದ ಆಚೆ. ಗೇಮಿನ ಸರ್ವರ್ ಅಲ್ಲೇ ಇದೆ ಅಂತ ಇಟ್ಟುಕೊಳ್ಳಿ. ಫೈಬರಿನೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. 20 ಕಿಲೋಮೀಟರಿಗೆ ಅದಕ್ಕೆ ಬೇಕಾದದ್ದು ಒಂದು ಮಿಲಿಸೆಕೆಂಡಿನ ಹತ್ತನೇ ಒಂದು ಪಾಲು. ಬೆಳಕಿನ ಮೇಲೆ ನನಗೆ ಯಾವ ದೂರೂ ಇಲ್ಲ.

ಆದ್ರೆ ಡೊಂಬಿವಲಿಯಿಂದ ಐರೋಳಿಗೆ ಲೋಕಲ್‌ನಲ್ಲಿ ಹೋಗಬೇಕಾದವನು ಠಾಣೆಗೆ ಹೋಗಿ, ಸೇತುವೆ ಹತ್ತಿ ಇಳಿದು, ಗಾಡಿ ಬದಲಿಸಬೇಕು. ನನ್ನ ಬೆರಳಿನ ಸುದ್ದಿಯದೂ ಅದೇ ಪಾಡು. ಕೈಯಲ್ಲಿ ಹಿಡಿಯುವ ಬಟನ್ ಪೆಟ್ಟಿಗೆ, ಅಂದ್ರೆ ಕಂಟ್ರೋಲರ್ ಇದ್ದರೆ, ಅದರಿಂದ ಬ್ಲೂಟೂತ್ ಹಿಡಿದು ಟ್ಯಾಬ್ಲೆಟ್ಟಿಗೆ. ಅಲ್ಲಿಂದ ವೈಫೈ ಹಿಡಿದು ರೌಟರಿಗೆ. ರೌಟರಿನಿಂದ ಬಿಲ್ಡಿಂಗಿನ ಮೆಟ್ಟಿಲ ಕೆಳಗಿನ ಡಬ್ಬಿಗೆ. ಅಲ್ಲಿಂದ ಕೇಬಲ್‌ವಾಲಾನ ಆಫೀಸಿಗೆ, ಅವನಿಂದ ಅವನ ದೊಡ್ಡಣ್ಣನಿಗೆ, ಅಂದ್ರೆ ಅವನಿಗೆ ಇಂಟರ್ನೆಟ್ ಕೊಡುವ ದೊಡ್ಡ ಕಂಪನಿಗೆ. ಇಬ್ಬರು ದೊಡ್ಡಣ್ಣಂದಿರ ನಡುವೆ ನೆಟ್ಟಗೆ ದಾರಿ ಇಲ್ಲದಿದ್ದರೆ ಪಕ್ಕದ ಊರಿನ ಸುದ್ದಿ ಚೆನ್ನೈಗೋ ಸಿಂಗಪುರಕ್ಕೋ ಹೋಗಿ ಬರುವುದೂ ಉಂಟು. ಸರ್ವರ್ ಮುಟ್ಟಿದ ಮೇಲೆ ಅಲ್ಲಿ ಚಿತ್ರ ಬರೆಯಬೇಕು, ಅದನ್ನು ಒತ್ತಿ ಸಣ್ಣದು ಮಾಡಬೇಕು, ಬಂದ ದಾರಿಯಲ್ಲೇ ವಾಪಸ್ ಕಳಿಸಬೇಕು. ಟ್ಯಾಬ್ಲೆಟ್ ಅದನ್ನು ಬಿಚ್ಚಿ ತೋರಿಸಬೇಕು. ಅಷ್ಟರಲ್ಲಿ ನಾನು ಸಮುದ್ರದಲ್ಲಿ.

ಇದನ್ನೆಲ್ಲ ಮಗ ಚಾರ್ಟ್ ಬರೆದು ವಿವರಿಸುತ್ತಿದ್ದಾಗ ಅಮ್ಮ ಬತ್ತಿ ಹೊಸೆಯುತ್ತಾ ಕೇಳುತ್ತಿದ್ದರು. "ಇದು ನಮ್ಮ ಫೋನಿನ ಭಜನೆ ಅಲ್ವಾ ಮಾರಾಯ" ಅಂದರು.

ಹೌದಲ್ಲ! 2020ರ ಲಾಕ್‌ಡೌನ್‌ನಲ್ಲಿ ಸಂಘದ ಹೆಂಗಸರು ವಿಡಿಯೋ ಕಾಲ್‌ನಲ್ಲಿ ಭಜನೆ ಮಾಡಿದ್ದರು. ತಾಳ ಡೊಂಬಿವಲಿಯಲ್ಲಿ, ಪಲ್ಲವಿ ದಹಿಸರಿನಲ್ಲಿ, ಹಾರ್ಮೋನಿಯಂ ಕುರ್ಲಾದಲ್ಲಿ. ಅಮ್ಮ ಮಂಗಳ ಹಾಡಿ ಆರತಿ ಎತ್ತಿದಾಗ ಕುರ್ಲಾದವರು ಇನ್ನೂ ಎರಡನೇ ಚರಣದಲ್ಲಿದ್ದರು. ಮೂರನೇ ವಾರಕ್ಕೆ ಅಮ್ಮನೇ ನಿಯಮ ಮಾಡಿದರು: ಒಬ್ಬರು ಹಾಡಬೇಕು, ಉಳಿದವರು ಮೈಕ್ ಮುಚ್ಚಿಕೊಂಡು ತಾಳ ಹಾಕಬೇಕು. ಈ ಕಂಪನಿಗಳು ಹತ್ತು ವರ್ಷ ಹಾಕಿ ಕಲಿತದ್ದು ನಮ್ಮಮ್ಮನಿಗೆ ಮೂರು ಶನಿವಾರದಲ್ಲಿ ತಿಳಿಯಿತು.

ಹತ್ತು ವರ್ಷ ಅಂದದ್ದು ಸುಮ್ನೆ ಅಲ್ಲ. ಈ ಕ್ರಾಂತಿ ದೊಡ್ಡ ಸದ್ದು ಮಾಡಿ ಬಂದದ್ದು 2010ರಲ್ಲಿ. ಆನ್‌ಲೈವ್ ಅಂತ ಅಮೆರಿಕದ ಕಂಪನಿ. ಸರ್ವರ್‌ನಿಂದ 1,000 ಮೈಲಿ ಒಳಗಿದ್ದರೆ ಸಾಕು ಅಂದಿತ್ತು. ಆ ಲೆಕ್ಕದಲ್ಲಿ ಮುಂಬೈಯಲ್ಲೊಂದು ಸರ್ವರ್ ಇಟ್ಟರೆ ಕನ್ಯಾಕುಮಾರಿಯವರೂ ಆಡಬಹುದಿತ್ತು! 2011ರ ಕೊನೆಗೆ ಟ್ಯಾಬ್ಲೆಟ್ಟಿಗೂ ಬಂತು. 2015ರಲ್ಲಿ ಬಾಗಿಲು ಹಾಕಿ ಪೇಟೆಂಟುಗಳನ್ನು ಸೋನಿಗೆ ಮಾರಿತು. ಮತ್ತೆ ಸದ್ದು ಮಾಡಿ ಬಂದದ್ದು 2019ರ ನವೆಂಬರ್‌ನಲ್ಲಿ, ಗೂಗಲ್‌ನ ಸ್ಟೇಡಿಯಾ ಅಂತ. ಭಾರತಕ್ಕೆ ಬರುವ ಮೊದಲೇ, 2023ರ ಜನವರಿ 18ರಂದು ಅದೂ ಹೋಯಿತು. ಹೋಗುವಾಗ ಕೊಂಡವರಿಗೆ ಗೇಮಿನ ದುಡ್ಡು ವಾಪಸ್ ಕೊಟ್ಟಿತು. ಕಂಟ್ರೋಲರ್ ಬೇರೆ ಕಡೆ ಬಳಕೆಗೆ ಬರಲಿ ಅಂತ ಅದರ ಬ್ಲೂಟೂತ್ ಬಿಚ್ಚಿಕೊಟ್ಟಿತು. ಇಷ್ಟು ಮರ್ಯಾದೆಯಿಂದ ಮುಚ್ಚಿದ ಚಿಟ್ ಫಂಡ್ ಒಂದನ್ನೂ ನಾನು ನೋಡಿಲ್ಲ.

ಆಪಲ್‌ನವರದು ಇನ್ನೊಂದು ಕಥೆ. ಐಪ್ಯಾಡಿನಲ್ಲಿ ಇಂಥ ಆಟ ಬೇಕಾದರೆ ಒಂದೊಂದು ಗೇಮಿಗೂ ಬೇರೆ ಬೇರೆ ಆ್ಯಪ್ ತನ್ನಿ ಅಂತ 2020ರಲ್ಲಿ ನಿಯಮ ಮಾಡಿದರು. ಊಟ ಮಾರಬಹುದು, ಆದ್ರೆ ಪಲ್ಯಕ್ಕೊಂದು ಅಂಗಡಿ, ಸಾರಿಗೊಂದು ಅಂಗಡಿ, ಹಪ್ಪಳಕ್ಕೊಂದು ಲೈಸೆನ್ಸ್. ನಿಯಮ ಸಡಿಲವಾಗಲು 2024ರ ಜನವರಿ ಬರಬೇಕಾಯಿತು. ಅಲ್ಲಿಯ ತನಕ ಜನ ಬ್ರೌಸರಿನ ಹಿತ್ತಲ ಬಾಗಿಲಿನಿಂದ ಒಳಗೆ ಹೋಗುತ್ತಿದ್ದರು.

ಆದ್ರೆ ನನ್ನ ಮೆಚ್ಚಿನದು 'ನೆಗೆಟಿವ್ ಲೇಟೆನ್ಸಿ'. 2019ರಲ್ಲಿ ಸ್ಟೇಡಿಯಾದ ಎಂಜಿನಿಯರಿಂಗ್ ಮುಖ್ಯಸ್ಥರು ಆಡಿದ ಮಾತು. ಮೈನಸ್ ತಡ. ನೀವು ಯಾವ ಬಟನ್ ಒತ್ತಬಹುದು ಅಂತ ಸರ್ವರ್ ಊಹಿಸಿ, ಚಿತ್ರವನ್ನು ಮೊದಲೇ ತಯಾರು ಮಾಡಿಟ್ಟಿರುತ್ತದಂತೆ. ಓದಿ ನನಗೆ ಮಾಟುಂಗಾ ನೆನಪಾಯಿತು. ಅಲ್ಲಿಯ ನಮ್ಮ ಉಡುಪಿ ಹೋಟೆಲಿನಲ್ಲಿ ನಾನು ಚಪ್ಪಲಿ ಸದ್ದು ಮಾಡಿದರೆ ಸಾಕು, ಮಾಣಿ ಒಳಗೆ ಕಾಫಿ ಕೂಗಿರುತ್ತಾನೆ. ಆದ್ರೆ ಅವನು ಊಹಿಸುವುದು ಕಾಫಿಯನ್ನು ಮಾತ್ರ, ಕುಡಿಯುವುದನ್ನು ನನಗೇ ಬಿಡುತ್ತಾನೆ. ಇವರದ್ದು ಹಾಗಲ್ಲ. ಗೇಮ್ ಅವರದು, ಮಷೀನು ಅವರದು, ಬಟನ್ ಒತ್ತುವುದನ್ನೂ ಅವರೇ ಊಹಿಸ್ತಾರೆ. ನನ್ನ ಪಾಲಿಗೆ ಉಳಿದದ್ದು ತಿಂಗಳ ಬಿಲ್ಲು. ಅದನ್ನು ಮಾತ್ರ ಅವರು ಊಹೆಗೆ ಬಿಟ್ಟಿಲ್ಲ.

ಸರಿ, 'ಎಲ್ಲಿ ಬೇಕಾದರೂ' ಅನ್ನುವುದಕ್ಕೆ ಬರೋಣ. ಒಂದು ಶನಿವಾರ ಮಗ ಟ್ಯಾಬ್ಲೆಟ್ ಹಿಡಿದು ಲೋಕಲ್ ಹತ್ತಿದ. ಅದರಲ್ಲಿ ಸಿಮ್ ಇಲ್ಲ, ನನ್ನ ಫೋನಿನ ಹಾಟ್‌ಸ್ಪಾಟ್. ಸ್ಟೇಡಿಯಾದವರು ಕೇಳುತ್ತಿದ್ದ ಕನಿಷ್ಠ ವೇಗ 10 ಎಂಬಿಪಿಎಸ್. ಆ ವೇಗದಲ್ಲಿ ಗಂಟೆಗೆ ನಾಲ್ಕೂವರೆ ಜಿಬಿ ಖಾಲಿ. ನನ್ನದು ದಿನಕ್ಕೆ ಒಂದೂವರೆ ಜಿಬಿ ಪ್ಯಾಕು. ಸರಿಯಾಗಿ 20 ನಿಮಿಷ. ಠಾಣೆ ಬರುವಷ್ಟರಲ್ಲಿ ಆಟ ಮುಗಿಯಿತು, ನನ್ನ ಆ ದಿನದ ಫೋನೂ ಮುಗಿಯಿತು. 4ಕೆ ಚಿತ್ರಕ್ಕೆ ಅವರು ಹೇಳಿದ 35 ಎಂಬಿಪಿಎಸ್ ಆಗಿದ್ದರೆ ಆರು ನಿಮಿಷವೂ ಇಲ್ಲ, ನಡುವಿನ ದಿವಾ ಸ್ಟೇಷನ್ ದಾಟುವುದೂ ಅನುಮಾನ. ಇದೆಲ್ಲ ಕೈ ಎತ್ತಲು ಜಾಗ ಸಿಕ್ಕಿದ್ದರೆ ಅನ್ನುವ ಮಾತು. ಬೆಳಿಗ್ಗೆಯ ಫಾಸ್ಟ್ ಗಾಡಿಯಲ್ಲಿ ನಾಲ್ಕನೇ ಸೀಟಿನ ಅಂಚಿನಲ್ಲಿ ಅರ್ಧ ಕೂತವನಿಗೆ ಎರಡು ಹೆಬ್ಬೆರಳು ಆಡಿಸುವ ಸ್ವಾತಂತ್ರ್ಯ ಎಲ್ಲಿದೆ? ನೆಲದಡಿಯ ಮೆಟ್ರೋಗೆ ಇಳಿದರೆ ಕ್ಲೌಡ್ ಮೇಲೆಯೇ ಉಳಿದುಬಿಡಬಹುದು.

ಹಾಗಾಗಿ ಮನೆಯೇ ಗತಿ. ಮನೆಯಲ್ಲಿ ಎಲ್ಲಿ? ಈಗ ಕನ್ನಡಕ ಹಾಕಿ ಇರುವೆ ಸಾಲು ಓದಿದೆ. 5 ಗಿಗಾಹರ್ಟ್ಸ್ ವೈಫೈ ಇರಬೇಕಂತೆ. ಅದು ಚುರುಕು, ಆದ್ರೆ ಗೋಡೆ ಕಂಡರೆ ಸುಸ್ತಾಗುತ್ತದೆ. ನಮ್ಮ ರೌಟರ್ ಇರುವುದು ಬಾಗಿಲ ಬಳಿ, ಚಪ್ಪಲಿ ಸ್ಟ್ಯಾಂಡಿನ ಮೇಲೆ. ಹಾಗಾಗಿ ಮಗನೂ ಚಪ್ಪಲಿ ಸ್ಟ್ಯಾಂಡಿನ ಪಕ್ಕಕ್ಕೆ ಬಂದ. ಗಾಜಿನ ಮೇಲಿನ ಬಟನ್ ಒತ್ತಿದರೆ ಅರ್ಧ ಚಿತ್ರ ಹೆಬ್ಬೆರಳ ಕೆಳಗೆ ಹೋಗುತ್ತದೆ, ಅದಕ್ಕೊಂದು ಕಂಟ್ರೋಲರ್ ಬಂತು. ಎರಡು ಕೈಯೂ ಕಂಟ್ರೋಲರಿಗೆ ಹೋದ ಮೇಲೆ ಟ್ಯಾಬ್ಲೆಟ್ ಹಿಡಿಯಲು ಸ್ಟ್ಯಾಂಡ್ ಬಂತು. ಅಮ್ಮ ಮೈಕ್ರೋವೇವ್‌ನಲ್ಲಿ ಹಾಲು ಬಿಸಿ ಮಾಡಿದರೆ ಬ್ಲೂಟೂತ್ ತೊದಲಿತು, ಮೈಕ್ರೋವೇವ್ ಬಂದ್ ಆಯಿತು. ವೈಫೈಗಿಂತ ತಂತಿ ಒಳ್ಳೆಯದು ಅಂತ ಗೊತ್ತಾಗಿ ತಂತಿ ಬಂತು. ಟ್ಯಾಬ್ಲೆಟ್ಟಿಗೆ ಇರುವುದು ಒಂದೇ ತೂತು, ಅದಕ್ಕೇ ಚಾರ್ಜರೂ ಬೇಕು, ತಂತಿಯೂ ಬೇಕು, ಹಾಗಾಗಿ ಒಂದು ಹಬ್ ಬಂತು. ಈಗ ಆ ಟ್ಯಾಬ್ಲೆಟ್ ಗೋಡೆಗೆ ಒರಗಿ, ಎರಡು ತಂತಿ ಚುಚ್ಚಿಸಿಕೊಂಡು, ಅಲ್ಲಾಡದೆ ನಿಂತಿದೆ. ಆಸ್ಪತ್ರೆಯ ಪೇಶೆಂಟಿನ ಹಾಗೆ. ಎದುರಿಗೆ ಮೂರಡಿ ದೂರದಲ್ಲಿ ಮಗ.

ನಮ್ಮ ಕಾಲದಲ್ಲಿ ಇದಕ್ಕೆ ಟಿವಿ ಅನ್ನುತ್ತಿದ್ದೆವು. ಸ್ವಲ್ಪ ದೊಡ್ಡದಿರುತ್ತಿತ್ತು.

ಹಾಗಾದ್ರೆ ಇದು ಆಗದ ಹೋಗದ ಕೆಲಸವಾ? ಇಲ್ಲ, ಸುಳ್ಳು ಹೇಳಬಾರದು. ಸರ್ವರ್ ಹತ್ತಿರವಿದ್ದು, ಲೈನು ಗಟ್ಟಿಯಿದ್ದರೆ ಬೆರಗಾಗುವಷ್ಟು ಚೆನ್ನಾಗಿ ನಡೆಯುತ್ತದೆ. ನಿಧಾನದ ಆಟಗಳಿಗಂತೂ ತೊಂದರೆಯೇ ಇಲ್ಲ. ಚೆಸ್ ಆಡಿ, ಒಂದು ಚೂರೂ ತಡ ಅನ್ನಿಸಲ್ಲ. ಆದ್ರೆ ಚೆಸ್ಸನ್ನು ಜನ ಪೋಸ್ಟ್ ಕಾರ್ಡಿನಲ್ಲೂ ಆಡುತ್ತಿದ್ದರು. ಒಂದು ನಡೆಗೆ ಒಂದು ವಾರ. ಆ ಲ್ಯಾಗಿಗೆ ಯಾರೂ ಕಾರು ಸಮೇತ ಸಮುದ್ರಕ್ಕೆ ಬೀಳಲಿಲ್ಲ. ಇನ್ನು ಒಳ್ಳೆಯ ಲೈನು, ಒಳ್ಳೆಯ ರೌಟರು, ಒಳ್ಳೆಯ ಟ್ಯಾಬ್ಲೆಟ್ಟು, ಕಂಟ್ರೋಲರು, ತಿಂಗಳ ಬಾಡಿಗೆ ಎಲ್ಲ ಕೂಡಿಸಿ ನೋಡಿದೆ. ಯಾವುದು ಬೇಡ ಅಂತ ಇದನ್ನು ತಂದೆವೋ, ಆ ಕನ್ಸೋಲ್ ದೂರದಿಂದ ನಗುತ್ತಾ ಕೈ ಬೀಸಿತು.

ತಂತಿ ಹಾಕಿದ ಮೇಲೂ ರಾತ್ರಿ ಹೊತ್ತು ಕಾರು ಸಮುದ್ರ ಬಿಡಲಿಲ್ಲ. ಕೇಬಲ್‌ವಾಲಾನನ್ನು ಕರೆಸಿದೆ. ಅವನು ಎರಡು ತುದಿ ಕಿತ್ತು ಅವೇ ಎರಡು ತುದಿ ಮತ್ತೆ ಸಿಕ್ಕಿಸಿ, ಬೆವರು ಒರೆಸಿಕೊಂಡ. "ಲೈನ್ ಫಸ್ಟ್ ಕ್ಲಾಸ್ ಇದೆ ಸಾಹೇಬ್. ಎಂಟರಿಂದ ಹನ್ನೊಂದು ಇಡೀ ಬಿಲ್ಡಿಂಗ್ ಸೀರಿಯಲ್ ನೋಡ್ತದೆ. ಎಲ್ಲರೂ ಮಲಗಿದರೆ ನಿಮ್ಮದು ಓಡ್ತದೆ."

ಸೊಸೈಟಿ ಮೀಟಿಂಗಿನಲ್ಲಿ ಹೊಸ ಫೈಬರಿನ ವಿಷಯ ಎತ್ತಿದೆ. ಸೆಕ್ರೆಟರಿ ನಕ್ಕರು. ರೀಡೆವಲಪ್‌ಮೆಂಟ್ ಆಗಲಿ, ಟವರ್ ಏಳಲಿ, ಎಲ್ಲ ಹೊಸದೇ ಬರುತ್ತದೆ ಅಂದರು. ನಮ್ಮಲ್ಲಿ ಸೋರುವ ಟ್ಯಾಂಕಿಗೂ ಇದೇ ಉತ್ತರ, ಕೆಟ್ಟ ಲಿಫ್ಟಿಗೂ ಇದೇ. ಬಿಲ್ಡರ್ ಯಾರು ಅನ್ನುವುದು ಮಾತ್ರ ಒಂಬತ್ತು ವರ್ಷದಿಂದ ತೀರ್ಮಾನವಾಗಿಲ್ಲ. ಇದಕ್ಕಿಂತ ದೊಡ್ಡ ಲ್ಯಾಗ್ ಯಾವ ಸರ್ವರಿನಲ್ಲೂ ಇಲ್ಲ.

ಮಗ ಮಾತ್ರ ಕೇಬಲ್‌ವಾಲಾನ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡ. ಬೇಸಿಗೆ ರಜೆ ಶುರುವಾದ ಮೇಲೆ ಒಂದು ದಿನ ನಾಲ್ಕು ಗಂಟೆಗೆ ನೀರು ಕುಡಿಯಲು ಎದ್ದೆ. ಹಾಲ್ ಕತ್ತಲು. ಚಪ್ಪಲಿ ಸ್ಟ್ಯಾಂಡಿನ ಪಕ್ಕದಲ್ಲಿ ನೀಲಿ ಬೆಳಕು. ಮಗ ಸ್ನಾನ ಮಾಡಿದವನಷ್ಟು ಲಕಲಕ. ಹೆಡ್‌ಫೋನ್ ಹಾಕಿ, ಬೆನ್ನು ನೇರ ಮಾಡಿ, ಕಣ್ಣು ಮಿಟುಕಿಸದೆ ಕೂತಿದ್ದ. ಇಡೀ ಬಿಲ್ಡಿಂಗ್ ಮಲಗಿತ್ತು. ತಿರುವು ಬಂತು. ಬ್ರೇಕ್ ಒತ್ತಿದ. ಕಾರು ನಿಂತಿತು!

ಅಮ್ಮ ಆಗಲೇ ಎದ್ದು ದೇವರ ಮುಂದೆ ದೀಪ ಹಚ್ಚುತ್ತಿದ್ದರು. ಅವರಿಗೆ ಅಲ್ಲಿಂದ ಕಾಣುವುದು ಮೊಮ್ಮಗನ ಬೆನ್ನು ಮಾತ್ರ.

ಆ ಭಾನುವಾರ ಸಂಘದ ಕಾರ್ಯಕ್ರಮದಲ್ಲಿ ಮೂರು ಜನ ನನ್ನನ್ನು ತಡೆದು ನಿಲ್ಲಿಸಿದರು. "ನಿಮ್ಮ ಹುಡುಗ ರಜೆಯಲ್ಲೂ ಬ್ರಾಹ್ಮೀ ಮುಹೂರ್ತದಲ್ಲಿ ಎದ್ದು ಓದ್ತಾನಂತೆ, ಹೌದಾ? ನಮ್ಮನೆಯವರಿಗೂ ಸ್ವಲ್ಪ ಬುದ್ಧಿ ಹೇಳಲಿಕ್ಕೆ ಹೇಳಿ."

ಹೇಳ್ತೇನೆ ಅಂದೆ. ಮೂರೂ ಮನೆ ನಮ್ಮ ಬಿಲ್ಡಿಂಗಿನಲ್ಲೇ ಇವೆ. ಅವರ ಮಕ್ಕಳೂ ನಾಲ್ಕಕ್ಕೆ ಎದ್ದರೆ ಲೈನಿನ ಗತಿ ಏನು ಅಂತ ಬಸ್ಸಿನಲ್ಲಿ ಕೂತ ಮೇಲೆ ಹೊಳೆಯಿತು.