ಸತ್ಯಾಂಶ: ಇಂಜಿನ್ ಬಿಚ್ಚಿ ಕಟ್ಟಿದ್ಮೇಲೆ ಮಿಸ್ಸಿಂಗ್ ತಾನಾಗೇ ಹೋಗತ್ತಾ?

ಪುಣೆಯ ನಮ್ಮ ಕನ್ನಡದವ್ರ ವಾಟ್ಸಾಪ್ ಗ್ರೂಪಲ್ಲಿ ಒಂದು ಫಾರ್ವರ್ಡ್ ತಿರುಗ್ತಾ ಇದೆ, ಇಂಜಿನ್ ಕೆಲ್ಸ ಆದ್ಮೇಲೆ ಮೊದ್ಲ ಸ್ಟಾರ್ಟಲ್ಲಿ ಮಿಸ್ಸಿಂಗ್ (ಯಾವ್ದೋ ಸಿಲಿಂಡರಲ್ಲಿ ಪೆಟ್ರೋಲು ಸರಿಯಾಗಿ ಉರಿಯದೆ ಇಂಜಿನ್ ತಡವರಿಸೋದು) ಮಾಮೂಲು, ಅರ್ಧ ಗಂಟೆ ರೇಸ್ ಕೊಡಿ, ರಿಂಗ್ (ಪಿಸ್ಟನ್ ಸುತ್ತ ಇರೋ ಬಳೆ) ಸಿಲಿಂಡರ್ ಗೋಡೆಗೆ ಒಗ್ಗಿ ಕೂತ್ಮೇಲೆ ಸರಿಹೋಗತ್ತೆ ಅಂತ. ಹೊಸ ರಿಂಗ್ ಕೂರೋಕೆ ಟೈಮ್ ಬೇಕು ನಿಜ, ಜೋಡಿಸುವಾಗ ಸವರಿದ ಆಯಿಲ್ ಸುಟ್ಟು ಸ್ವಲ್ಪ ಹೊಗೆನೂ ಬರತ್ತೆ, ಆದ್ರೆ ಮಿಸ್ಸಿಂಗ್ ಬೇರೆ ವಿಷ್ಯ. ಉರಿಯದ ಪೆಟ್ರೋಲು ಸಿಲಿಂಡರ್ ಗೋಡೆ ಮೇಲಿನ ಆಯಿಲ್ ತೊಳೆದು ಹಾಕತ್ತೆ, ಅಂದ್ರೆ ಕೂರಬೇಕಾದ ರಿಂಗಿಗೇ ಏಟು.

ಭೋಸರಿ ಕಡೆ ಒಂದು ಗ್ಯಾರೇಜಲ್ಲಿ ನಾನೇ ನೋಡಿದ್ದು, ಹಳೇ ಕಾರ್ಬೊರೇಟರ್ ಗಾಡಿ, ಸ್ಟಾರ್ಟ್ ಆದ್ರೂ ಗಡಗಡ ನಡುಗ್ತಿತ್ತು. ಮೇಸ್ತ್ರಿ ಸೈಲೆನ್ಸರಿಗೆ ಹೋಗೋ ನಾಲ್ಕೂ ಪೈಪಿನ ಬುಡಕ್ಕೆ ಒಂದೊಂದು ಹನಿ ನೀರು ಹಾಕಿದ್ರು, ಎರಡರಲ್ಲಿ ಚುಂಯ್ ಅಂತು, ಇನ್ನೆರಡರಲ್ಲಿ ನೀರು ಸುಮ್ನೆ ಕೂತಿತ್ತು, ಅಂದ್ರೆ ಆ ಪೈಪು ಬಿಸಿಯಾಗಿಲ್ಲ, ಆ ಸಿಲಿಂಡರಲ್ಲಿ ಪೆಟ್ರೋಲು ಉರೀತಿಲ್ಲ. ಫೈರಿಂಗ್ ಆರ್ಡರ್ (ಸಿಲಿಂಡರ್‌ಗಳಿಗೆ ಸ್ಪಾರ್ಕ್ ಹೋಗೋ ಸರದಿ) 1-3-4-2, 3ರ ಮತ್ತು 4ರ ಪ್ಲಗ್ ವೈರ್ ಅದಲುಬದಲಾಗಿತ್ತು ಅಷ್ಟೇ!

ಸ್ಟಾರ್ಟೇ ಆಗದೆ ಬರೀ ಢಬ್ ಅಂತ ಹಿಂದಕ್ಕೆ ಹೊಡೆದ್ರೆ ಡಿಸ್ಟ್ರಿಬ್ಯೂಟರ್ (ಸರದಿ ಪ್ರಕಾರ ಪ್ಲಗ್ಗುಗಳಿಗೆ ಸ್ಪಾರ್ಕ್ ಹಂಚೋ ಭಾಗ) ಉಲ್ಟಾ ಕೂತಿರಬಹುದು. ಕ್ರ್ಯಾಂಕ್ ಎರಡು ಸುತ್ತು ತಿರುಗಿದ್ರೆ ಪಿಸ್ಟನ್ ಎರಡು ಸಲ ಮೇಲೆ ಬರತ್ತೆ, ಸ್ಪಾರ್ಕ್ ಬೇಕಿರೋದು ಕಂಪ್ರೆಷನ್ (ಒಳಗಿನ ಗಾಳಿ-ಪೆಟ್ರೋಲನ್ನ ಒತ್ತೋ) ಸಲಕ್ಕೆ ಮಾತ್ರ. ಒಂದನೇ ಪ್ಲಗ್ ತೆಗೆದು ತೂತಿಗೆ ಹೆಬ್ಬೆಟ್ಟು ಒತ್ತಿ ಕೈಲಿ ತಿರುಗ್ಸಿ, ಗಾಳಿ ಬೆರಳನ್ನ ತಳ್ಳತ್ತೆ, ಅದೇ ಕಂಪ್ರೆಷನ್.

ವೈರೂ ಟೈಮಿಂಗೂ ಸರಿಯಿದ್ದು, ಬಿಸಿಯಾದ್ಮೇಲೆ ಮಾತ್ರ ಮಿಸ್ ಆದ್ರೆ ಟ್ಯಾಪೆಟ್ ಗ್ಯಾಪ್ (ವಾಲ್ವಿಗೂ ಅದನ್ನ ಒತ್ತೋ ಭಾಗಕ್ಕೂ ನಡುವಿನ ಸಂದು) ನೋಡ್ಸಿ, ತೀರಾ ಬಿಗಿ ಇದ್ರೆ ವಾಲ್ವ್ ಪೂರ್ತಿ ಮುಚ್ಚಲ್ಲ.